ಕಾಡಯ್ಯ ಅಗೆಯಬಹುದೇ?

ನಮ್ಮ ದೊಡ್ಡಪ್ಪ ಹುಚ್ಚಯ್ಯನಿಗೆ ಮರ ಅಂದರೆ ಜೀವ. ಹುಲ್ಲಹಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ. ನಂಜನಗೂಡಿನ ಹತ್ತಿರ ಸಸಿ ಬೆಳೆಸುವ ನರ್ಸರಿಯೊಂದರಲ್ಲಿ ವರ್ಷಾನುಗಟ್ಟಲೆ ಕೂಲಿ ಮಾಡಿದವನು. ಹೊಂಗೆ, ಬೇವು, ಹುಣಸೆ ಸಸಿಗಳಿಗೆ ನೀರು ಹಾಕುವಾಗ "ಕುಡಿಯವ್ವ, ಕುಡಿ" ಅನ್ನುವವನು. ರಸ್ತೆ ಬದಿಯ ಮರಕ್ಕೆ ಯಾರಾದರೂ ಮೊಳೆ ಹೊಡೆದಿದ್ದರೆ ಸೈಕಲ್ ನಿಲ್ಲಿಸಿ, ಕಿತ್ತು, ಜೇಬಿಗೆ ಹಾಕಿಕೊಳ್ಳುವವನು. ಜನ ಇಷ್ಟು ಹೇಳಿ ನಿಲ್ಲಿಸುತ್ತಾರೆ. ಅವರು ಹೇಳದೆ ಬಿಡುವುದನ್ನು ನಾನು ಹೇಳುತ್ತೇನೆ, ನನ್ನ ಬಾಯಿ ಮೊದಲಿಂದಲೂ ಜೋರು. ನಮ್ಮ ದೊಡ್ಡಪ್ಪ ಗುದ್ದಲಿ ಮುಟ್ಟುವುದಿಲ್ಲ. ನರ್ಸರಿಯಲ್ಲಿ ಗುಂಡಿ ತೋಡುವವರು ಬೇರೆ. ಅವನದು ಸಸಿ ಚೀಲಕ್ಕೆ ಮಣ್ಣು ತುಂಬುವ ಕೆಲಸ, ಅದೂ ಬೇರೆಯವರು ಅಗೆದು ತಂದ ಮಣ್ಣು.

ಒಂದು ಕಾಲಕ್ಕೆ ಅವನೂ ನನ್ನಪ್ಪ ಶಿವಣ್ಣನೂ ಬಾವಿ ತೋಡುವವರು. ನಂಜನಗೂಡು, ನರಸೀಪುರ ಎರಡು ತಾಲ್ಲೂಕಿನಲ್ಲೂ ಅಣ್ಣತಮ್ಮಂದಿರಿಗೆ ಹೆಸರಿತ್ತು. 1992ರ ಬೇಸಿಗೆಯಲ್ಲಿ ಸೋಸಲೆಯ ಹತ್ತಿರ ಶಿವಮಲ್ಲಪ್ಪನವರ ತೋಟದಲ್ಲಿ ಅರ್ಧ ತೋಡಿದ ಬಾವಿ ಕುಸಿಯಿತು. ಒಳಗಿದ್ದವನು ಅಪ್ಪ, ಮೇಲೆ ಹಗ್ಗ ಹಿಡಿದಿದ್ದವನು ದೊಡ್ಡಪ್ಪ. ನನಗೆ ಆಗ ಏಳು ವರ್ಷ. ಮನೆಗೆ ತಂದ ಹೆಣದ ಮೈಮೇಲೆ ಒಂದೇ ಒಂದು ಗಾಯವಿರಲಿಲ್ಲ ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ. ಗಾಯವಿಲ್ಲದವನು ಸತ್ತದ್ದು ಹೇಗೆ? ಮೇಲಿದ್ದವರು ಬೇಗ ಅಗೆದಿದ್ದರೆ ಉಳಿಯುತ್ತಿದ್ದನೋ? ಇದನ್ನು ಕೇಳಿದಾಗಲೆಲ್ಲ ದೊಡ್ಡಪ್ಪ ಎದ್ದು ಆಚೆ ಹೋಗುತ್ತಿದ್ದ. ಅವ್ವ ನನ್ನ ಬಾಯಿ ಮುಚ್ಚಿಸುತ್ತಿದ್ದಳು, ಮಾರನೆಯ ದಿನ ಅವನ ಮನೆಗೆ ಸಾರು ಕಳಿಸುತ್ತಿದ್ದಳು. ಆ ಸಾರಿನ ಪಾತ್ರೆ ಹೊತ್ತುಕೊಂಡು ಹೋಗುವವಳು ನಾನೇ. ಕೊಟ್ಟು, ಅವನ ಮುಖ ನೋಡದೆ ತಿರುಗಿ ಬರುತ್ತಿದ್ದೆ.

2005ರ ಹೊತ್ತಿಗೆ ನಾನು ನಂಜನಗೂಡಿನಲ್ಲಿ ಬಿ.ಕಾಂ. ಓದುತ್ತಿದ್ದೆ. ದೊಡ್ಡಪ್ಪನ ಮಗ ನಾಗೇಂದ್ರಣ್ಣ ಅಲ್ಲೇ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದ. ಇಂಟರ್‌ನೆಟ್ಟಿನಿಂದ ಅವನೊಂದು ಆಟ ಹಿಡಿದು ತಂದ. ವಿದೇಶದವರ ಆಟ. ಬೋರ್ಡು ಬೇಡ, ಕಂಪ್ಯೂಟರೂ ಬೇಡ, ಕಾಗದ ಪೆನ್ಸಿಲ್ಲಿದ್ದರೆ ಸಾಕು. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ನಡೆಯುತ್ತಾರೆ. ಕಥೆ ಹೇಳುವವನು "ಈಗೇನು ಮಾಡ್ತೀಯ?" ಅನ್ನುತ್ತಾನೆ, ನಾವು ಹೇಳಬೇಕು. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ನಮ್ಮ ಮನೆಯಲ್ಲಿ ದಾಳ ಎಲ್ಲಿಂದ ಬರಬೇಕು? ಚೌಕಾಬಾರದ ಆರು ಕವಡೆ ತಂದೆವು. ನಾಲ್ಕೋ ಅದಕ್ಕಿಂತ ಹೆಚ್ಚೋ ಅಂಗಾತ ಬಿದ್ದರೆ ಕೆಲಸ ಆದಂತೆ.

ಭಾನುವಾರ ಊಟವಾದ ಮೇಲೆ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಕಥೆ ನಾಗೇಂದ್ರಣ್ಣನದು. ನಾನು ಕಮ್ಮಾರ್ತಿ. ಅವನ ಹೆಂಡತಿ ರಂಜಿನಿ ಅತ್ತಿಗೆ ನಾಟಿ ವೈದ್ಯೆ. ಮೂರನೆಯವರು ಯಾರೂ ಸಿಗದೆ ದೊಡ್ಡಪ್ಪನನ್ನೇ ಎಳೆದು ಕೂರಿಸಿದೆವು. ಅವನು ಕಾಡಯ್ಯ, ಕಾಡು ಕಾಯುವವನು. ಮರದ ಜೊತೆ ಮಾತಾಡಬಲ್ಲ, ಕೈ ಇಟ್ಟು ಗಾಯ ಮಾಗಿಸಬಲ್ಲ. ಇಷ್ಟನ್ನು ನಾಗೇಂದ್ರಣ್ಣ ಬರೆದಿದ್ದ. ದೊಡ್ಡಪ್ಪ ಅದನ್ನು ಓದಿಸಿಕೊಂಡು ತಾನೇ ಒಂದು ಮಾತು ಸೇರಿಸಿದ.

"ಭೂಮಿಗೆ ಗುದ್ಲಿ ಹಾಕುದ್ರೆ ಅವನ ಸಕ್ತಿಯೆಲ್ಲ ಅವತ್ತಿಗೇ ಓಯ್ತು ಅಂತ ಬರ್ಕೊ. ಅವ್ನು ಆಮೇಲೆ ಆಟದಲ್ಲಿಲ್ಲ."

ನಾಗೇಂದ್ರಣ್ಣ ಬರೆದುಕೊಂಡ. ಎರಡು ತಿಂಗಳು ಆಟ ಸಲೀಸಾಗಿ ನಡೆಯಿತು. ದೊಡ್ಡಪ್ಪ ಅಷ್ಟು ನಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕಥೆಯೊಳಗಿನ ಮರಗಳನ್ನೂ "ಏನವ್ವಾ, ಸಂದಾಗಿದ್ದೀಯಾ?" ಎಂದು ಮಾತಾಡಿಸುತ್ತಿದ್ದ.

ಆಮೇಲೆ ಬಂತು ತೂಬಿನ ಕಥೆ. ನಮ್ಮ ಪಾತ್ರಗಳಿದ್ದ ಹಳ್ಳಿಯ ಕೆರೆಗೆ ಕಬ್ಬಿಣದ ತೂಬು. ಅದರ ಬಾಗಿಲು ಮುರಿದಿದೆ, ಮೂರು ದಿನದಲ್ಲಿ ನೀರು ಹಳ್ಳಿಗೆ ನುಗ್ಗುತ್ತದೆ. ಹೊಸ ಬಾಗಿಲಿಗೆ ಕಬ್ಬಿಣ ಬೇಕು. ಅದಿರು ಇರುವುದು ಕಾಡಯ್ಯ ಕಾಯುವ ಬೆಟ್ಟದ ಗವಿಯೊಳಗೆ. ಅಗೆಯಬೇಕು.

"ಅಗಿಯಕ್ಕೆ ನಾ ಬುಡಕ್ಕಿಲ್ಲ," ಅಂದ ದೊಡ್ಡಪ್ಪ.

"ಮರ ನೆಡೋಕೂ ಗುಂಡಿ ತೋಡ್ಬೇಕಲ್ಲ ದೊಡ್ಡಪ್ಪ? ಬೇರು ಏನ್ ಮಾಡ್ತದೆ? ಅದೂ ಭೂಮಿ ಅಗೀತದೆ."

"ಬೇರು ಅಗಿಯಕ್ಕಿಲ್ಲ ಕಣವ್ವ. ಎಡೆ ಕೇಳ್ಕಂಡು ಕೇಳ್ಕಂಡು ಓಯ್ತದೆ."

ರಂಜಿನಿ ಅತ್ತಿಗೆ ಯಾವಾಗಲೂ ರಾಜಿಯವಳು. "ಮಾವ, ಎಷ್ಟ್ ಬೇಕೋ ಅಷ್ಟೇ ತಗಂಡು ಮುಚ್ಬುಟ್ರೆ?"

"ತಗಿಯಾದು ನಮ್ ಕೈಲದೆ. ಮುಚ್ಚಾದು ಅದ್ರ ಕೈಲದೆ ಕಣವ್ವಾ. ಅದು ಯಾವಾಗ್ ಮುಚ್ಕಳ್ತದೋ ಯಾರ್ ಬಲ್ರು?"

ನನಗೆ ಮೂಗಿನ ತುದಿಯಲ್ಲೇ ಕೋಪ. "ಊರಿಗೂರೇ ಮುಳುಗ್ಲಿ, ನಿನ್ನ ಬೆಟ್ಟ ಮಾತ್ರ ಉಳೀಲಿ! ಕಾಡು ಕಾಯೋನು ಜನ ಕಾಯಲ್ವಾ? ನೀನು ಅಗೀಬೇಡ ಬುಡು, ನಾನೂ ಅತ್ತಿಗೇನೂ ಓಯ್ತೀವಿ. ನೀನು ಆಚೆ ನಿಂತ್ಕೊಂಡು ನೋಡು. ಅದು ನಿಂಗೆ ರೂಢಿ ಅಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡಪ್ಪ ತಲೆ ತಗ್ಗಿಸಿ ಚಾಪೆಯ ಅಂಚು ಸವರುತ್ತ ಕೂತ. ಅತ್ತಿಗೆ ನನ್ನ ತೊಡೆ ಚಿವುಟಿದಳು. ನಾನು ಕವಡೆ ಎತ್ತಿಕೊಂಡೆ, ಗವಿಯೊಳಗೆ ಹೋಗಿ ಅಗೆಯುತ್ತೇನೆ ಅಂದೆ, ಎಸೆದೆ.

ಆರಕ್ಕೆ ಆರೂ ಬೋರಲು.

ನಾಗೇಂದ್ರಣ್ಣ ತನ್ನ ನೋಟ್‌ಬುಕ್ ನೋಡಿದ. ಅವನ ಮುಖದ ಬಣ್ಣ ಹೋಯಿತು. ಬಗ್ಗಿ ನಾನೂ ಓದಿದೆ. ಎರಡು ತಿಂಗಳ ಹಿಂದೆ ಯಾವುದೋ ಇಂಗ್ಲಿಷ್ ಹಾಳೆ ನೋಡಿ ಇಳಿಸಿಕೊಂಡಿದ್ದ ಸಾಲು. ಅಗೆಯುವಾಗ ಎಲ್ಲ ಬೋರಲು ಬಿದ್ದರೆ ಗವಿ ಕುಸಿಯುತ್ತದೆ, ಒಳಗಿದ್ದವರು ಸಿಕ್ಕಿಹಾಕಿಕೊಳ್ಳುತ್ತಾರೆ.

"ಇನ್ನೊಂದ್ ಸಲ ಎಸಿ ಕವನಾ," ಅಂದ ಬೇಗ ಬೇಗ. "ಕವಡೆ ಚಾಪೆ ಮೇಲೆ ಸರಿಯಾಗಿ ಬೀಳ್ನಿಲ್ಲ."

"ಸರಿಯಾಗೇ ಬಿದ್ದವೆ."

"ಲೇ, ಬೇಡ ಕಣೇ."

"ಕುಸೀತದೆ ಅಂತ ಬರ್ದಿದ್ದೀಯ. ಕುಸೀಲಿ." ನಾನು ದೊಡ್ಡಪ್ಪನ ಕಡೆ ತಿರುಗಿದೆ. "ದೊಡ್ಡಪ್ಪ, ಗವಿ ಕುಸೀತು. ಅತ್ತಿಗೆ ನಾನು ಒಳಗಿದ್ದೀವಿ. ಆಚೆ ಇರೋನು ನೀನೊಬ್ನೇ. ಗುದ್ಲಿ, ಹಾರೆ ಎಲ್ಲ ಬಾಗಿಲಲ್ಲೇ ಬಿದ್ದವೆ. ಈಗೇನ್ ಮಾಡ್ತೀಯ?"

ಮಾಡಿದ್ದು ತಪ್ಪು. ಆಗಲೇ ಗೊತ್ತಿತ್ತು. ಹದಿಮೂರು ವರ್ಷ ಉತ್ತರ ಕೊಡದವನು ಈಗ ಎದ್ದು ಹೋಗಲಿ ನೋಡೋಣ ಎನ್ನುವ ಹಟ ನನ್ನದು.

ಅವನು ಏಳಲಿಲ್ಲ. ಆಚೆ ಬೀದಿಯಲ್ಲಿ ಯಾರೋ ಟ್ರ್ಯಾಕ್ಟರ್ ಚಾಲೂ ಮಾಡಲು ಒದ್ದಾಡುತ್ತಿದ್ದರು.

"ಮಾವ, ಬುಡಿ, ಆಟ ತಾನೆ? ಕಾಫಿ ಕಾಯಿಸ್ತೀನಿ," ಎಂದು ಅತ್ತಿಗೆ ಏಳಹೋದಳು.

"ಕೂತ್ಕಳವ್ವಾ. ನೀನು ಒಳಗಿದ್ದೀಯ." ಎಂದು ದೊಡ್ಡಪ್ಪ ತಡೆದ. ಮಗನ ಕಡೆ ನೋಡಿ ಕೇಳಿದ, "ಒಳಗಿಂದ ಸದ್ದು ಬತ್ತಾ ಅದಾ?"

"ಅದೆಲ್ಲ ಬರ್ದಿಲ್ಲ ಅಪ್ಪಾ," ಅಂದ ನಾಗೇಂದ್ರಣ್ಣ.

ನನ್ನ ಪಕ್ಕದಲ್ಲಿ ನೀರು ಕುಡಿದಿಟ್ಟ ಸ್ಟೀಲ್ ಲೋಟ ಇತ್ತು. ಅದನ್ನೆತ್ತಿ ಕಲ್ಲುಚಪ್ಪಡಿಯ ನೆಲಕ್ಕೆ ಬಡಿದೆ. ಟಕ್. ಟಕ್. ಟಕ್.

ದೊಡ್ಡಪ್ಪ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. ಐವತ್ತೆಂಟು ವರ್ಷದ ಗಂಡಸು ಹಾಗೆ ಕಿವಿ ಮುಚ್ಚಿಕೊಂಡು ಕೂತದ್ದನ್ನು ಕಂಡು ನನ್ನ ಕೈ ಅಲ್ಲೇ ನಿಂತಿತು.

"ಇಂಗೇ ಕಣವ್ವಾ," ಅಂದ. "ಇಂಗೇ ಬಡುದ. ಹಾರೇಲಿ ಬಂಡೆಗೆ. ಮೂರು ಮೂರು ಸಲ."

ಯಾರು ಎಂದು ನಾವು ಕೇಳಲಿಲ್ಲ.

ಅವನು ಹೇಳುತ್ತ ಹೋದ. ಬಾವಿ ಮೂವತ್ತಡಿ ಇಳಿದಿತ್ತಂತೆ. ತಳದಲ್ಲಿ ಬಂಡೆ ಸಿಕ್ಕಿ, ಅಪ್ಪ ಅದರ ಅಡಿಗೆ ಗೂಡು ಕೊರೆದುಕೊಂಡು ಕೂತು ಮಣ್ಣು ತೆಗೆಯುತ್ತಿದ್ದ. ಮೇಲಿನ ಮಗ್ಗುಲು ಕುಸಿದಾಗ ಮಣ್ಣೆಲ್ಲ ಬಂಡೆಯ ನೆತ್ತಿಗೆ ಸಿಕ್ಕಿ ನಿಂತಿತು. ಗೂಡಿನಲ್ಲಿ ಗಾಳಿ ಉಳಿಯಿತು, ಅಪ್ಪನೂ ಉಳಿದ. ಮೇಲೆ ಆರು ಜನ ಆಳುಗಳು ಗುದ್ದಲಿ ಹಿಡಿದು ನಿಂತಿದ್ದರು, ಇಳಿಯಬೇಕು ಎನ್ನುವಷ್ಟರಲ್ಲಿ ದೊಡ್ಡಪ್ಪ ಕೈ ಅಡ್ಡ ಹಿಡಿದ. ಬಾವಿ ತೋಡುವವರಲ್ಲಿ ಒಂದು ಕಟ್ಟಳೆ. ಮಣ್ಣು ತಾನಾಗಿ ಕುಸಿದರೆ ತಾಯಿ ಮುನಿದಿದ್ದಾಳೆ ಎಂದು ಲೆಕ್ಕ. ಕಾಯಿ ಒಡೆದು ಅಪ್ಪಣೆ ಕೇಳದೆ ಮತ್ತೆ ಗುದ್ದಲಿ ಹಾಕಿದರೆ ಉಳಿದದ್ದೂ ಕುಸಿಯುತ್ತದೆ. ಆ ಕಾಯಿ ಬಾವಿಯ ಒಡೆಯನದಾಗಬಾರದು, ತೋಡುವವರು ತಮ್ಮ ದುಡಿಮೆಯಲ್ಲಿ ಕೊಂಡದ್ದಾಗಬೇಕು.

"ತೆಂಗಿನ ತೋಟ ಕಣವ್ವಾ ಅದು," ಅಂದ ದೊಡ್ಡಪ್ಪ. "ನಮ್ ನೆತ್ತಿ ಮೇಲೇ ಕಾಯಿ ನೇತಾಡ್ತಿದ್ದೊ. ಶಿವಮಲ್ಲಪ್ಪೋರು ಕಿತ್ಕಳ್ರೋ, ಕಿತ್ಕಳ್ರೋ ಅಂತ ಬಡ್ಕಂಡ್ರು. ನಾನು ಬ್ಯಾಡ ಅಂದಿ. ಸೋಸಲೆ ಅಂಗ್ಡಿಗೆ ಸೈಕಲ್ಲಲ್ಲಿ ಆಳು ಅಟ್ದಿ. ಅವನು ಓಗಿ ಬರಗಂಟ ಮುಕ್ಕಾಲು ಗಂಟೆ. ಒಳಗೆ ಶಿವ ಬಡೀತಾನೇ ಇದ್ದ. ನಾನು ಕೂಗ್ತಾನೇ ಇದ್ದಿ, ತಡ್ಕಳ್ಳಾ ಶಿವಾ, ಬಂದೆ ಕಣ್ಲಾ ಅಂತ. ಸೈಕಲ್ಲು ಕೆರೆ ಏರಿ ಮೇಲೆ ಕಂಡಾಗ ಸದ್ದು ನಿಂತೋಯ್ತು."

ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡಳು. ನನಗೆ ಬಂದದ್ದು ಸಿಟ್ಟೋ ದುಃಖವೋ ತಿಳಿಯದು. ಅಯ್ಯೋ ಪಾಪಿ, ನೆತ್ತಿಯ ಮೇಲೆ ಕಾಯಿ ಇಟ್ಟುಕೊಂಡು ನನ್ನಪ್ಪನನ್ನು ಕೊಂದೆಯಲ್ಲೋ ಎಂದು ಕಿರುಚಬೇಕು ಅನ್ನಿಸಿತು. ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು.

ದೊಡ್ಡಪ್ಪ ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು ನೆಟ್ಟಗೆ ಕೂತ.

"ಗುದ್ಲಿ ತಗತೀನಿ," ಅಂದ.

"ಅಪ್ಪಾ, ಕಾಡಯ್ಯನ ಶಕ್ತಿ ಓಯ್ತದೆ. ನೀನೇ ಬರ್ಸಿದ್ದೆ," ಅಂದ ನಾಗೇಂದ್ರಣ್ಣ, ಅಳುವ ದನಿಯಲ್ಲಿ.

"ಓಗ್ಲಿ."

ಆಮೇಲೆ ಅವನು ಅಗೆದ ರೀತಿ ಆ ವಿದೇಶದ ಹಾಳೆಯಲ್ಲಿ ಇದ್ದಿರಲಾರದು. ಬಾಗಿಲಿಂದ ಅಗೆಯುವುದಿಲ್ಲ, ಮೇಲಿನ ಮಣ್ಣು ಜಾರುತ್ತದೆ, ಪಕ್ಕದಿಂದ ಓರೆಯಾಗಿ ಹೋಗುತ್ತೇನೆ ಅಂದ. ಅಲ್ಲಿ ಮರವಿದೆಯಾ ಎಂದು ಕೇಳಿದ. ಇದೆ ಎಂದು ನಾಗೇಂದ್ರಣ್ಣ ಸುಮ್ಮನೆ ತಲೆಯಾಡಿಸಿದ. ಹಾಗಾದರೆ ಅದರ ಬೇರು ಕಡಿಯದೆ ಬೇರಿನ ಕೆಳಗೇ ತೋಡುತ್ತೇನೆ, ಬೇರು ಮಣ್ಣನ್ನು ಹಿಡಿದುಕೊಂಡಿರುತ್ತದೆ. ಮೊಳ ಮೊಳಕ್ಕೆ ಮರದ ತೊಲೆ ಆಸರೆ ಕೊಟ್ಟುಕೊಂಡು ಹೋಗುತ್ತೇನೆ ಅಂದ. ಹೇಳುತ್ತಿದ್ದರೆ ಅವನ ಭುಜ ಅಲುಗಾಡುತ್ತಿತ್ತು, ಉಸಿರು ಏರುತ್ತಿತ್ತು.

ಕವಡೆ ಎಸೆದ. ಎರಡು.

ಒಂದು ಸಲಕ್ಕೆ ಒಂದೇ ಎಸೆತ, ಸೋತರೆ ಬೇರೆಯವರ ಸರದಿ. ಅದು ನಿಯಮ. ದೊಡ್ಡಪ್ಪ ಕವಡೆ ಬಿಡಲಿಲ್ಲ. ಮತ್ತೆ ಎಸೆದ. ಮೂರು. ಮತ್ತೆ. ನಾಲ್ಕು. ರಂಜಿನಿ ಅತ್ತಿಗೆ ಗವಿಯಿಂದ ಆಚೆ ಬಂದಳು. ಅವಳು ನಿಜವಾಗಿಯೂ ಉಸಿರು ಬಿಟ್ಟಳು.

"ಕವನ ಇನ್ನೂ ಒಳಗದೆ," ಅಂದ ದೊಡ್ಡಪ್ಪ, ತನಗೆ ತಾನೇ.

ಒಂದು. ಎರಡು. ಮೂರು ಬಿದ್ದಾಗ ನಾಗೇಂದ್ರಣ್ಣನಿಗೆ ತಡೆಯಲಾಗಲಿಲ್ಲ. "ನಾಕು! ನಾಕು ಬಿತ್ತು ಅಪ್ಪಾ, ಬಂದ್ಲು!" ಎಂದು ಕವಡೆ ಬಾಚಲು ಹೋದ.

ದೊಡ್ಡಪ್ಪ ಅವನ ಮಣಿಕಟ್ಟು ಹಿಡಿದ. "ಮೂರು ಕಣ್ಲಾ. ಮಣ್ಣಿನ್ನೂ ಅದೆ." ಮತ್ತೆ ಎಸೆದ. ಎರಡು. ಒಂದು ಕವಡೆ ಕಂಬದ ಬುಡಕ್ಕೆ ಹಾರಿತು. ಅತ್ತಿಗೆ ಓಡಿ ತಂದುಕೊಟ್ಟಳು. ನಾನು ಹಲ್ಲು ಕಚ್ಚಿಕೊಂಡಿದ್ದೆ. ಬೀಳು, ಬೀಳು ಎಂದು ಒಳಗೊಳಗೇ ಬೇಡುತ್ತಿದ್ದವಳು ನಾನೇ. ಇವನು ಸೋಲಲಿ ಎಂದು ಕುಸಿತ ತಂದವಳೂ ನಾನೇ.

ಎಷ್ಟು ಸಲ ಎಸೆದನೋ ಲೆಕ್ಕ ತಪ್ಪಿತು. ಕೊನೆಗೆ ಐದು ಬಿತ್ತು. ಅವನು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಎಣಿಸಿದ. ಆಮೇಲೆ ಚಾಪೆಯ ಮೇಲೆ ಮಂಡಿಯೂರಿ ಬಗ್ಗಿ ನನ್ನ ಕಡೆ ಕೈ ಚಾಚಿದ.

"ಮಗಾ, ಇದ್ದೀಯಾ? ಮಾತಾಡು."

ಅವನು ಕಾಯುತ್ತಿದ್ದ. ಅವನ ಕಣ್ಣು ನನ್ನ ಬಾಯಿಯ ಮೇಲಿತ್ತು.

"ಇದ್ದೀನಿ ದೊಡ್ಡಪ್ಪ," ಅಂದೆ.

ಲೋಟ ಕೆಳಗಿಟ್ಟು ಕೈ ಕೊಟ್ಟೆ. ಅವನು ಎಳೆದ ಎಳೆತಕ್ಕೆ ನಾನು ಕೂತಲ್ಲಿಂದ ಮುಗ್ಗರಿಸಿ ಅವನ ಮೇಲೇ ಬಿದ್ದೆ. ಬೆವರಿನಿಂದ ತೊಯ್ದು ಹೋಗಿದ್ದ.

ನನ್ನ ಕೈ ಬಿಡದೆಯೇ ತಲೆಯೆತ್ತಿ ಮಗನನ್ನು ಕೇಳಿದ, "ಎಷ್ಟೊತ್ತಾಯ್ತ್ಲಾ?"

ನಾಗೇಂದ್ರಣ್ಣ ಗೋಡೆ ಗಡಿಯಾರ ನೋಡಿದ. "ಇಪ್ಪತ್ತು ನಿಮಿಷ ಅಪ್ಪಾ."

ದೊಡ್ಡಪ್ಪ ಅದನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡ. ಆಮೇಲೆ ನನ್ನ ಮುಖ ನೋಡಿದ. "ಅಂಗಾದ್ರೆ ಕಾಯಿ ಬರಾಕ್ ಮುಂಚೇನೇ ಆಯ್ತಿತ್ತು ಕಣವ್ವಾ. ಶಿವ ಬದುಕ್ತಿದ್ದ."

ಹದಿಮೂರು ವರ್ಷ ಈ ಒಂದು ಮಾತು ಅವನ ಬಾಯಿಂದ ಬರಲಿ ಎಂದು ಕಾದಿದ್ದೆ. ಬಂದ ದಿನ ಏನೇನು ಅನ್ನಬೇಕು ಎಂದು ಬೈಗುಳ ಸಮೇತ ಜೋಡಿಸಿಟ್ಟುಕೊಂಡಿದ್ದೆ.

"ಇಲ್ಲ ದೊಡ್ಡಪ್ಪ," ಅಂದೆ. "ಬಾವಿ ಬೇರೆ, ಗವಿ ಬೇರೆ. ಆಯ್ತಿರ್ನಿಲ್ಲ."

ಸುಳ್ಳು ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಹೂಂ ಎಂದು ತಲೆಯಾಡಿಸಿದ.