ಕೊಕ್ಕೆಯಿಲ್ಲದ ತಾರಸಿ

ನನ್ನ ಭಾವ ಅನಂತರಾಮು ಅವರ ಮನೆಯಲ್ಲಿ ಫ್ಯಾನ್ ಇರಲಿಲ್ಲ. ಕೊಳ್ಳಲು ಕೈಲಾಗದೆ ಅಲ್ಲ, ಮರೆತೂ ಅಲ್ಲ. ಯಡಿಯೂರು ಕೆರೆಯ ಹತ್ತಿರ ಅವರು ಮನೆ ಕಟ್ಟಿಸುವಾಗ, ತಾರಸಿ ಹಾಕುವ ಹಿಂದಿನ ದಿನ ಮೇಸ್ತ್ರಿ ಗೂಳಪ್ಪ ಕಬ್ಬಿಣದ ಕಂಬಿಗಳ ಮೇಲೆ ನಿಂತು, "ಫ್ಯಾನ್ ಕೊಕ್ಕೆ ಎಲ್ಲೆಲ್ಲಿ ಬಿಡ್ಲಿ ಸಾರ್?" ಎಂದು ಕೇಳಿದ್ದ. ಭಾವ "ಎಲ್ಲೂ ಬೇಡ" ಎಂದರು. ಗೂಳಪ್ಪ ತಮಾಷೆಯೆಂದುಕೊಂಡು ನಕ್ಕ. ಭಾವ ನಗಲಿಲ್ಲ.

"ಇದು ಬೆಂಗಳೂರು ಕಣಯ್ಯ. ದೇವರು ಇಡೀ ಊರಿಗೇ ಫ್ಯಾನ್ ಹಾಕಿ ಕೂತಿದಾನೆ. ನಾವು ಬೇರೆ ಹಾಕಿಸ್ಕೊಂಡ್ರೆ ಅವನಿಗೆ ಬೇಜಾರಾಗಲ್ವಾ?"

ದೇವರಿಗೆ ಬೇಜಾರಾಗಬಾರದೆಂದು ನಡುಮನೆ, ರೂಮು, ಅಡುಗೆಮನೆ ಎಲ್ಲದರ ತಾರಸಿಯೂ ಅಂಗೈಯಷ್ಟು ನುಣ್ಣಗೆ ಎದ್ದಿತು. ಎಷ್ಟೋ ವರ್ಷಗಳ ಮೇಲೆ ಮೇಲ್ಮನೆ ಕಟ್ಟಿಸಿದಾಗ ಮಾತ್ರ, ಬಾಡಿಗೆಗೆ ಬರುವವರು ಕೇಳುತ್ತಾರೆಂದು ಅಲ್ಲಿ ಕೊಕ್ಕೆ ಬಿಡಿಸಿದರು. "ಪಾಪ, ಹೊರಗಿನ ಊರಿಂದ ಬರೋರು. ಅಭ್ಯಾಸ ಇರತ್ತೆ" ಎಂದು, ಯಾವುದೋ ಚಟದ ಬಗ್ಗೆ ಹೇಳುವವರಂತೆ ಹೇಳಿದ್ದರು.

ನಾನು ಭಾವನ ಹೆಂಡತಿ ವಾರಿಜಾಳ ತಂಗಿ. ಮಂಡಿನೋವಿಗೆ ಮಾತ್ರೆ ನುಂಗುವ ವಯಸ್ಸಾದರೂ ಅಕ್ಕನಿಗೆ ನಾನಿನ್ನೂ ಪುಟ್ಟಿ. ಇರುವುದು ಬನಶಂಕರಿಯಲ್ಲಿ. ಮನೆಯಲ್ಲಿ ಎ.ಸಿ. ಇದೆ, ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವರಿಗೆ ಸೆಕೆಯ ವಿಷಯದಲ್ಲಿ ನಾಚಿಕೆ ಇರುವುದಿಲ್ಲ.

ಈ ಊರಿನ ಹವೆಯ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಬಳ್ಳಾರಿಯ ಬಿಸಿಲು ಕೆಟ್ಟದ್ದಾದರೂ ಪ್ರಾಮಾಣಿಕ. ಸುಡುತ್ತೇನೆ ಎಂದರೆ ಸುಡುತ್ತದೆ. ಬೆಂಗಳೂರಿನದು ಹಾಗಲ್ಲ. ಬೆಳಿಗ್ಗೆ ಶಾಲು ಹೊದಿಸಿ ಕಳಿಸುತ್ತದೆ, ಮಧ್ಯಾಹ್ನ ಆ ಶಾಲಿನೊಳಗೇ ನಮ್ಮನ್ನು ಬೇಯಿಸುತ್ತದೆ. ಒಗೆದ ಬಟ್ಟೆ ಹರವಿ ಒಳಗೆ ಬಂದು ಕಾಫಿ ಲೋಟ ಹಿಡಿಯುವುದನ್ನೇ ಕಾದಿದ್ದು ನಾಲ್ಕು ಹನಿ ಉದುರಿಸಿ, ನಾನು ಏದುಸಿರು ಬಿಟ್ಟುಕೊಂಡು ಬಟ್ಟೆಯೆಲ್ಲ ಎತ್ತಿ ತಂದ ಮೇಲೆ ಮತ್ತೆ ಬಿಸಿಲು ಬಿಡುತ್ತದೆ. ಕೊಡೆ ತೆಗೆದುಕೊಂಡು ಹೋದ ದಿನ ಈ ಊರಿನಲ್ಲಿ ಮಳೆ ಬಂದದ್ದನ್ನು ನಾನು ಕಂಡಿಲ್ಲ.

ಭಾವನ ಮುಂದೆ ಇದನ್ನೆಲ್ಲ ಆಡುವ ಹಾಗಿರಲಿಲ್ಲ. ಬೆಂಗಳೂರಿನ ಹವೆಯನ್ನು ಬೈದರೆ ತಮ್ಮ ಮನೆಯವರನ್ನೇ ಬೈದಷ್ಟು ನೊಂದುಕೊಳ್ಳುತ್ತಿದ್ದರು. ಮಾರ್ಚಿನಲ್ಲಿ ಧಗಧಗ ಎಂದರೆ, "ಇದು ಸೆಕೆ ಅಲ್ಲಮ್ಮ, ಮಳೆಗೆ ಮುಂಚಿನ ಧಗೆ. ನಾಳೆ ಸರಿಹೋಗತ್ತೆ." ನಾಳೆ ಸರಿಹೋಗದಿದ್ದರೆ, "ಮೆಟ್ರೋಗೆ ಅಗೆದೂ ಅಗೆದೂ ಭೂಮಿಯೊಳಗಿನ ಶಾಖ ಆಚೆ ಬಂದಿದೆ." ಡಿಸೆಂಬರಿನಲ್ಲಿ ಕೆರೆ ಸುತ್ತ ವಾಕಿಂಗ್ ಹೋಗುವಾಗ ಸ್ವೆಟರು, ಮಫ್ಲರು, ಮೇಲೆ ಮಂಕಿ ಕ್ಯಾಪು. ಪಕ್ಕದಲ್ಲಿ ಹುಡುಗರು ಚಡ್ಡಿ ಬನಿಯನ್ನಿನಲ್ಲಿ ಬೆವರು ಸುರಿಸಿಕೊಂಡು ಓಡುತ್ತಿದ್ದರೆ, ಇವರು ಆ ಕ್ಯಾಪಿನೊಳಗಿಂದ "ಏನ್ ಚಳಿ ಅಲ್ವಾ!" ಎನ್ನುವರು. ಅವರ ಹಣೆಯ ಬೆವರನ್ನು ನಾನು ನೋಡಿದರೆ ಇಬ್ಬನಿ ಎನ್ನುವರು.

ಮೇಲ್ಮನೆಯಲ್ಲಿದ್ದ ಬಸವಂತ ಬಾಗಲಕೋಟೆಯವನು. ಬಿ.ಟಿ.ಎಂ. ಲೇಔಟಿನ ಆಫೀಸೊಂದರಲ್ಲಿ ಕೆಲಸ. ಅವನು ಒಮ್ಮೆ ಭಾವನ ಮುಖಕ್ಕೇ ಹೇಳಿಬಿಟ್ಟ. "ಸರ್ರ, ನಾವು ಊರು ಬಿಟ್ಟ ಬಂದಿದ್ದ ಇಲ್ಲಿ ಥಂಡಿ ಇರತೈತಿ ಅಂತ. ಬಾಗಲಕೋಟಿ ಬಿಸಲಾ ನಮ್ಮ ಹಿಂದನ ಬಸ್ ಹತ್ತಿ ಬಂದಂಗ ಆಗೇತ್ರಿ."

ಭಾವ ಆ ದಿನವೆಲ್ಲ ಅವನ ಜೊತೆ ಮಾತಾಡಲಿಲ್ಲ.

ಇಂಥ ಹಟದ ಹಿಂದೆ ಒಂದು ಕಥೆಯಿದೆ. ಅದು ನಡೆದಾಗ ನಾನು ಲಂಗ ಹಾಕಿಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದೆ.

ಅಕ್ಕನನ್ನು ನೋಡಲು ಬೆಂಗಳೂರಿನಿಂದ ಗಂಡಿನವರು ಬಳ್ಳಾರಿಗೆ ಬಂದದ್ದು ಸುಡುವ ಏಪ್ರಿಲಿನಲ್ಲಿ. ನಮ್ಮಪ್ಪ ಮನೆಯಲ್ಲಿದ್ದ ಒಂದೇ ಒಂದು ಟೇಬಲ್ ಫ್ಯಾನನ್ನು ಗಂಡಿನ ಕಡೆಗೆ ತಿರುಗಿಸಿಟ್ಟು, ತಾವು ಪಂಚೆಯ ತುದಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಹುಡುಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಅಕ್ಕನಿಗಿಂತ ಒಂದಿಷ್ಟು ಗಿಡ್ಡ, ತುಂಬುತೋಳಿನ ಅಂಗಿಯೆಲ್ಲ ನೆನೆದು ಬೆನ್ನಿಗೆ ಅಂಟಿತ್ತು. ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಹಿರಿಯರೊಬ್ಬರು ಮಾತಿಗೆ, "ಹುಡುಗೀನೂ ಏನಾದ್ರೂ ಕೇಳ್ಬೇಕಿದ್ರೆ ಕೇಳ್ಲಿ" ಎಂದರು. ಹಾಗೆ ಹೇಳುವುದು ಶಾಸ್ತ್ರ. ಯಾವ ಹುಡುಗಿಯೂ ಕೇಳುವುದಿಲ್ಲ.

ಅಕ್ಕ ಕೇಳಿದಳು. "ನಿಮ್ಮನೇಲಿ ಫ್ಯಾನ್ ಎಷ್ಟಿದೆ?"

ಅಮ್ಮನ ಕೈಯಿಂದ ಚಮಚ ಬಿತ್ತು. ಅಕ್ಕನಿಗೆ ಹುಟ್ಟಿದಾಗಿನಿಂದ ಬೆವರುಸಾಲೆ. ಬೇಸಿಗೆ ಬಂತೆಂದರೆ ಕತ್ತು, ಬೆನ್ನೆಲ್ಲ ಕೆಂಪಗೆ ಗುಳ್ಳೆಯೆದ್ದು ಮಲಗಲಾರಳು, ಒರಗಲಾರಳು. ಅವಳಿಗೆ ಅದು ಸಣ್ಣ ಪ್ರಶ್ನೆಯಾಗಿರಲಿಲ್ಲ.

ಹುಡುಗ ಹಣೆ ಒರೆಸಿಕೊಂಡು, "ಒಂದೂ ಇಲ್ಲ. ನಮ್ಮೂರಲ್ಲಿ ಅದು ಬೇಕಾಗಲ್ಲ" ಎಂದ.

ಅವರು ಹೋದ ಮೇಲೆ ಅಪ್ಪ, ಒಂದು ಫ್ಯಾನ್ ಕೊಳ್ಳಲಾರದವನಿಗೆ ಹೆಣ್ಣು ಕೊಡುವುದೇ ಎಂದು ಕೂಗಾಡಿದರು. ಅಕ್ಕ ಒಪ್ಪಿದ್ದಳು. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಅವಳ ಮೈಮೇಲೆ ಒಂದೇ ಒಂದು ಗುಳ್ಳೆ ಏಳಲಿಲ್ಲ. ರಜೆಗೆ ಬಂದ ನನ್ನನ್ನು ಲಾಲ್‌ಬಾಗಿನ ಮರದ ಕೆಳಗೆ ಕೂರಿಸಿ, ತನ್ನ ನುಣುಪಾದ ಕತ್ತನ್ನು ತೋರಿಸಿದ್ದಳು. ಒಡವೆ ತೋರಿಸುವ ಹಾಗೆ ತೋರಿಸಿದ್ದಳು. ನನಗೆ ಹೊಟ್ಟೆಕಿಚ್ಚಾಗಿತ್ತು, ನಿಜ.

ಆಮೇಲೆ ಊರು ಬೆಳೆಯಿತು, ಮರಗಳು ಹೋದವು, ಬೇಸಿಗೆ ವರ್ಷವರ್ಷಕ್ಕೂ ಬಿರುಸಾಯಿತು. ಭಾವ ಜಗ್ಗಲಿಲ್ಲ. ಒಮ್ಮೆ ನಾನೇ ರೋಸಿಹೋಗಿ ಟೇಬಲ್ ಫ್ಯಾನ್ ತಂದುಕೊಟ್ಟೆ. ಭಾವ ಬಹಳ ಸಂತೋಷದಿಂದ ತೆಗೆದುಕೊಂಡು, ಡಬ್ಬ ಬಿಚ್ಚದೆ ಅಟ್ಟಕ್ಕೆ ಏರಿಸಿದರು. ಪ್ರತಿವರ್ಷ ದಸರಾಕ್ಕೆ ಅದು ಕೆಳಗಿಳಿದು, ಬಿಳಿ ಪಂಚೆ ಹೊದ್ದು, ಗೊಂಬೆ ಕೂರಿಸುವ ಮೆಟ್ಟಿಲಾಗುತ್ತಿತ್ತು. ಅದರ ಮೇಲೆ ಪಟ್ಟದ ಗೊಂಬೆಗಳು ತಣ್ಣಗೆ ನಿಂತಿರುತ್ತಿದ್ದವು.

"ನೀನಾದ್ರೂ ಬಾಯಿಬಿಟ್ಟು ಕೇಳಬಾರ್ದೇನೇ?" ಎಂದು ನಾನು ಅಕ್ಕನನ್ನು ಗದರುತ್ತಿದ್ದೆ.

ಅವಳು ಒಮ್ಮೆ ಮಾತ್ರ ಉತ್ತರ ಕೊಟ್ಟಳು. "ಮದುವೆ ಆದಾಗ ಅವರ ಹತ್ರ ಏನಿತ್ತು ಹೇಳು ಪುಟ್ಟಿ. ಸಂಬಳ ಇಲ್ಲ, ಎತ್ತರ ಇಲ್ಲ, ಸ್ವಂತ ಮನೆ ಇಲ್ಲ. ನಂಗೆ ಕೊಡಕ್ಕೆ ಅಂತ ಇದ್ದಿದ್ದು ಈ ಊರಿನ ತಂಪು ಒಂದೇ. ಅದೂ ಇಲ್ಲ ಅಂತ ನನ್ ಬಾಯಲ್ಲಿ ಹೆಂಗೆ ಹೇಳ್ಲಿ? ಹೇಳೋದಿದ್ರೆ ಅವರೇ ಹೇಳ್ಲಿ."

ಬೋರ್‌ವೆಲ್‌ಗಳು ಬತ್ತಿ ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡಿದ ಬೇಸಿಗೆ ಬಂತಲ್ಲ, ಆಗ ಅಕ್ಕನ ಕತ್ತಿನ ಮೇಲೆ ಮತ್ತೆ ಬೆವರುಸಾಲೆ ಎದ್ದಿತು. ಅವಳು ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡು ಭಾವನಿಗೆ ಕಾಣದಂತೆ ಓಡಾಡಿದಳು. ರಾತ್ರಿ ನಿದ್ದೆಯಿಲ್ಲ, ಬಿ.ಪಿ. ಏರುಪೇರು. ಒಂದು ಬೆಳಿಗ್ಗೆ ದೋಸೆ ಕಾವಲಿಯ ಮುಂದೆ ತಲೆಸುತ್ತಿ ಗೋಡೆ ಹಿಡಿದು ಕೂತುಬಿಟ್ಟಳು. ಡಾಕ್ಟರು ತಂಪಾದ ಕಡೆ ಇಡಿ ಎಂದರು. ನಾನು ಭಾವನ ಒಪ್ಪಿಗೆ ಕೇಳುವ ಗೋಜಿಗೇ ಹೋಗದೆ ಅಕ್ಕನನ್ನು ಆಟೋದಲ್ಲಿ ಹಾಕಿಕೊಂಡು ಬನಶಂಕರಿಗೆ ಬಂದೆ.

ಹೊರಡುವಾಗ ಸೆರಗು ಸರಿದು ಅವಳ ಕತ್ತು ಕಂಡಿತು. ಭಾವ ನೋಡಿದರು.

ಮಾರನೇ ದಿನದಿಂದ ಅವರ ಸವಾರಿ ನಮ್ಮ ಮನೆಗೆ ಶುರುವಾಯಿತು. ಒಂದು ದಿನ ಅಕ್ಕನ ದಿಂಬು ತಂದರು, ಒಂದು ದಿನ ಮಜ್ಜಿಗೆ, ಒಂದು ದಿನ ಏನೂ ಇಲ್ಲದೆ "ಈ ಕಡೆ ಬಂದಿದ್ದೆ" ಎಂದರು. ಎ.ಸಿ. ಹಾಕಿದ ರೂಮಿಗೆ ಕಾಲಿಡುವ ಮೊದಲು ಜೇಬಿನಿಂದ ಮಂಕಿ ಕ್ಯಾಪ್ ತೆಗೆದು ಹಾಕಿಕೊಂಡು ಒಳಗೆ ಕೂರುತ್ತಿದ್ದರು. "ಹಾಳು ಮಿಷನ್ನು. ಮೂಳೆಗೆ ಇಳಿಯತ್ತೆ" ಎನ್ನುತ್ತ ಸಂಜೆಯವರೆಗೂ ಕದಲುತ್ತಿರಲಿಲ್ಲ. ಅಕ್ಕ ಕಣ್ಣು ಮುಚ್ಚಿ ಮಲಗಿದ್ದರೆ ಅವರ ದೃಷ್ಟಿಯೆಲ್ಲ ಅವಳ ಕತ್ತಿನ ಮೇಲೆ. ಗುಳ್ಳೆಗಳು ಬಾಡುತ್ತ ಬಂದವು. ಅದನ್ನು ನೋಡಿ ಭಾವ ಯಾಕೋ ಇನ್ನೂ ಸಪ್ಪಗಾದರು.

ಒಂದು ದಿನ ಅವರು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಸವಂತನ ಫೋನ್ ಬಂತು.

"ಅಕ್ಕಾರ, ಲಗೂನ ಬರ್ರಿ. ನಿಮ್ಮ ಭಾವಾರು ಕೆಳಗ ಛತ್ ಕೊರಸಾಕ ಹತ್ಯಾರ. ಮ್ಯಾಲ ನಮ್ಮನಿ ಭಾಂಡೆ ಎಲ್ಲಾ ಕುಣ್ಯಾಕ ಹತ್ಯಾವು!"

ಅಕ್ಕ ಚಪ್ಪಲಿ ಸಿಕ್ಕಿಸಿಕೊಂಡು ನನಗಿಂತ ಮುಂಚೆ ಬೀದಿಯಲ್ಲಿದ್ದಳು. ನನಗೋ ಒಳಗೊಳಗೇ ಖುಷಿ. ಇಷ್ಟು ವರ್ಷ ಬಾಯಲ್ಲಿ ಕೂಡಿಟ್ಟಿದ್ದನ್ನೆಲ್ಲ ಇವತ್ತು ಭಾವನಿಗೆ ಆಡಿ ತೀರಿಸಬೇಕೆಂದು ಆಟೋದಲ್ಲೇ ಸಾಲುಸಾಲಾಗಿ ಜೋಡಿಸಿಕೊಂಡೆ.

ಬಾಗಿಲು ತೆಗೆದರೆ ಮನೆಯೆಲ್ಲ ಬಿಳಿ ಧೂಳು. ರೂಮಿನಲ್ಲಿ ಏಣಿಯ ಮೇಲೆ ದೀಪಕ್ ಎಂಬ ಎಲೆಕ್ಟ್ರಿಷಿಯನ್ ಡ್ರಿಲ್ ಹಿಡಿದು ನಿಂತಿದ್ದ. ಕೆಳಗೆ ಮೂಗಿಗೆ ಟವೆಲ್ ಕಟ್ಟಿಕೊಂಡು, ತಲೆಯಿಂದ ಕಾಲಿನವರೆಗೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂತಿದ್ದ ಭಾವ, ಏಣಿ ಹಿಡಿದುಕೊಂಡಿದ್ದರು.

"ಮೂರನೇ ಬಿಟ್ ಹೋಯ್ತು ಅಂಕಲ್. ಯಾರ್ ಗುರು ಈ ಪಾಟಿ ಸಿಮೆಂಟ್ ಹಾಕಿರೋದು?"

"ಗೂಳಪ್ಪ. ಅವನ ಕೆಲಸ ಅಂದ್ರೆ ಹಂಗೆ" ಎಂದು ಆ ಧೂಳಿನಲ್ಲೂ ಹೆಮ್ಮೆಪಟ್ಟು ತಿರುಗಿದ ಭಾವ ಬಾಗಿಲಲ್ಲಿ ಅಕ್ಕನನ್ನು ಕಂಡರು. ಏಣಿ ಬಿಟ್ಟರು. ದೀಪಕ್ ಮೇಲಿಂದ "ಅಂಕಲ್, ಅಂಕಲ್!" ಎಂದು ಕಿರುಚಿಕೊಂಡು ಗೋಡೆಗೆ ಕೈ ಊರಿದ. ನಾನು ಓಡಿ ಏಣಿ ಹಿಡಿದೆ. ಹೀಗಾಗಿ ನಾನು ಆಡಬೇಕೆಂದಿದ್ದ ಮಾತುಗಳಿಗೆ ಸಮಯವಾಗಲಿಲ್ಲ.

ಭಾವ ಟವೆಲ್ ಬಿಚ್ಚಿ, "ನಿಮ್ಮಪ್ಪನ ಮನೇಲಿ ನಿಂಗೊಂದು ಮಾತು ಹೇಳಿದ್ದೆ ವಾರಿಜಾ. ಉಳಿಸ್ಕೊಳ್ಳಕ್ಕಾಗ್ಲಿಲ್ಲ ಕಣೆ" ಎಂದರು.

ಅಷ್ಟು ದೊಡ್ಡ ಹಟಮಾರಿಯ ಧ್ವನಿ ಅಷ್ಟು ಸಣ್ಣದಾಗಬಹುದೆಂದು ನಾನು ಎಣಿಸಿರಲಿಲ್ಲ. ನನ್ನ ಕಣ್ಣು ತುಂಬಿದ್ದು ಧೂಳಿಗೆ ಮಾತ್ರವಲ್ಲ.

ಅಕ್ಕ ಹತ್ತಿರ ಹೋಗಿ ಸೆರಗಿನಿಂದ ಅವರ ಹುಬ್ಬಿನ ಮೇಲಿನ ಸಿಮೆಂಟು ಒರೆಸಿದಳು. "ನೀವು ಹೇಳಿದಾಗ ನಿಜಾನೇ ಆಗಿತ್ತಲ್ರೀ. ಊರು ಮಾತು ತಪ್ಪಿದ್ರೆ ಅದಕ್ಕೆ ನೀವೇನ್ ಮಾಡ್ತೀರಿ?"

ಭಾವ ಹೋಗಿ ಎಲ್ಲರಿಗೂ ಕಾಫಿ ಬೆರೆಸಿಕೊಂಡು ಬಂದರು. ಅದರಲ್ಲೂ ಧೂಳಿತ್ತು, ಕುಡಿದೆವು.

ಸಂಜೆಯ ಹೊತ್ತಿಗೆ ಫ್ಯಾನ್ ಕೂತಿತು. ಬಿಳಿ ಬಣ್ಣದ್ದು, ಮೂರು ರೆಕ್ಕೆಯದು. ಬಸವಂತನೂ ಇಳಿದು ಬಂದ. ದೀಪಕ್, "ಆಂಟಿ, ನೀವೇ ಹಾಕಿ" ಎಂದ. ಅಕ್ಕ ಸ್ವಿಚ್ ಒತ್ತಿದಳು. ಫ್ಯಾನ್ ಸೋಮಾರಿಯಂತೆ ಒಂದು ಸುತ್ತು ಹೊರಳಿ, ಎರಡನೆಯದಕ್ಕೆ ಹೊರಟು, ನಿಂತೇಬಿಟ್ಟಿತು. ಕರೆಂಟ್ ಹೋಗಿತ್ತು. ಕಿಟಕಿಯಾಚೆ ಆಕಾಶ ಕಾವಲಿಯ ತಳದಷ್ಟು ಕಪ್ಪಾಗಿತ್ತು.

ಆಮೇಲೆ ಬಂದದ್ದು ಬರಿಯ ಮಳೆಯಲ್ಲ. ಗಾಳಿ, ಗುಡುಗು, ಕೊನೆಗೆ ಆಲಿಕಲ್ಲು. ಎದುರು ಮನೆಯ ಹೊಂಗೆಯ ಕೊಂಬೆ ಬಾಗಿ ಗೇಟಿನ ಮೇಲೆ ಒರಗಿತು. ಬೀದಿಯೆಲ್ಲ ಮಣ್ಣಿನ ವಾಸನೆ. ಆ ದರಿದ್ರ ಹವೆ ಇಡೀ ಬೇಸಿಗೆ ಬೇಡಿದರೂ ಬಾರದೆ, ಫ್ಯಾನಿಗೆ ತೂತು ಕೊರೆದು ಮುಗಿಸುವುದನ್ನೇ ಕಾದಿತ್ತು.

"ನೆನ್ನೇನೇ ಹಾಕ್ಸಿದ್ರೆ ನೆನ್ನೇನೇ ಮಳೆ ಬರ್ತಿತ್ತಲ್ಲಾ ಅಂಕಲ್!" ಎಂದ ದೀಪಕ್.

ಭಾವ ಅಲ್ಲಿರಲೇ ಇಲ್ಲ. ತಲೆಯ ಮೇಲೆ ಟವೆಲ್ ಹಾಕಿಕೊಂಡು ಅಂಗಳದಲ್ಲಿ ಆಲಿಕಲ್ಲು ಹೆಕ್ಕುತ್ತಿದ್ದರು. ಒಂದು ಹಿಡಿ ತಂದು ನನ್ನ ಕೈಗೆ ಸುರಿದು, "ಏನಂದೆ ಪುಟ್ಟಿ? ಮಳೆಗೆ ಮುಂಚಿನ ಧಗೆ ಅನ್ಲಿಲ್ವಾ ನಾನು? ಅನ್ಲಿಲ್ವಾ?" ಎಂದು ಕುಣಿದರು. ಬಸವಂತ ಒಂದು ಆಲಿಕಲ್ಲನ್ನು ಬಾಯಿಗೆ ಹಾಕಿಕೊಂಡು, "ಗೆದ್ರಿ ಬಿಡ್ರಿ ಸರ್ರ" ಎಂದ.

ಮಳೆ ನಿಲ್ಲುವಷ್ಟರಲ್ಲಿ ನಿಜವಾಗಿಯೂ ಚಳಿಯಾಗತೊಡಗಿತ್ತು. ದೀಪಕ್ ಹೊರಟ, ಬಸವಂತ ಮೇಲೆ ಹೋದ. ನಾವು ಮೂವರೂ ರೂಮಿನಲ್ಲಿ ಮೇಣದಬತ್ತಿ ಹಚ್ಚಿಕೊಂಡು ಕೂತಿದ್ದಾಗ ಕರೆಂಟ್ ಬಂತು. ಯಾರೂ ಸ್ವಿಚ್ ಆರಿಸಿರಲಿಲ್ಲ. ಫ್ಯಾನ್ ಭರ್ರನೆ ತಿರುಗಿ, ಮೇಣದಬತ್ತಿ ಆರಿ, ಒಳಗಿದ್ದ ಅಷ್ಟೂ ಚಳಿ ನಮ್ಮ ಮೈಮೇಲೆ ಬಿತ್ತು. ಭಾವ ಆರಿಸಲು ಎದ್ದರು.

"ಇರ್ಲಿ ಬಿಡ್ರೀ" ಎಂದಳು ಅಕ್ಕ. "ತಿರುಗ್ಲಿ. ನೋಡೋಣ."

ಭಾವ ಒಳಗಿನಿಂದ ರಗ್ಗು ತಂದು ಅವಳ ಹೆಗಲಿಗೆ ಹೊದಿಸಿ, ತಾವೂ ಅದರ ಒಂದು ತುದಿಯಲ್ಲಿ ಸೇರಿಕೊಂಡರು. ಇಬ್ಬರೂ ತಲೆಯೆತ್ತಿ ಫ್ಯಾನ್ ನೋಡುತ್ತ ನಡುಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ, ಬಳ್ಳಾರಿಯ ನಡುಮನೆಯಲ್ಲಿ ಕೇಳಿದ ಅದೇ ಧ್ವನಿಯಲ್ಲಿ ಕೇಳಿದಳು.

"ನಿಮ್ಮನೇಲಿ ಫ್ಯಾನ್ ಎಷ್ಟಿದೆ?"

ಭಾವ ಅವಳ ಕತ್ತಿನ ಸುತ್ತ ರಗ್ಗನ್ನು ಇನ್ನಷ್ಟು ಎಳೆದು ಸರಿಮಾಡಿದರು.

"ಒಂದಿದೆ" ಎಂದರು. "ಆದ್ರೆ ನಮ್ಮೂರಲ್ಲಿ ಅದು ಬೇಕಾಗಲ್ಲ."

ಅಕ್ಕ ನಕ್ಕ ಸದ್ದಿಗೆ ಮೇಲ್ಮನೆಯಿಂದ ಬಸವಂತ "ಏನಾತ್ರೀ?" ಎಂದು ಕೂಗಿದ. ಏನೂ ಇಲ್ಲಪ್ಪ ಎಂದು ನಾನೇ ಹೇಳಿ, ಚಪ್ಪಲಿ ಮೆಟ್ಟಿ ಬನಶಂಕರಿಗೆ ಹೊರಟೆ. ಕೊಡೆ ತಂದಿರಲಿಲ್ಲ. ಗೇಟು ದಾಟುವಷ್ಟರಲ್ಲಿ ಮತ್ತೆ ಹನಿಯಲು ಶುರುವಾಯಿತು.