ಪಡುವಣ ದಂಡೆಯ ಮಣ್ಣು

ನಮ್ಮೂರ ಕೆರೆಯ ಏರಿಯ ಮೇಲೆ ಒಂದು ಕಲ್ಲು ನಿಲ್ಲಿಸಿದ್ದಾರೆ. ಕೆರೆ ಉಳಿಸಿದವರ ಹೆಸರುಗಳಲ್ಲಿ ನನ್ನದೇ ಮೊದಲು. ತೇರದಾಳದಿಂದ ಜಮಖಂಡಿಗೆ ಹೋಗುವ ಬಸ್ಸು ಅಲ್ಲಿ ನಿಂತಾಗ ಜನ ಕಿಟಕಿಯಿಂದ ಕೊಕ್ಕರೆಗಳನ್ನು ನೋಡುತ್ತಾರೆ, ಕೆಲವರು ಕಲ್ಲನ್ನೂ ಓದುತ್ತಾರೆ. ಅದರಲ್ಲಿ ಕೆತ್ತಿಸದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ.

ಚಿಕ್ಕಪಡಸಲಗಿ ಬ್ಯಾರೇಜಿನಲ್ಲಿ ನೀರು ನಿಲ್ಲತೊಡಗಿದ ಮೇಲೆ ನಾವೆಲ್ಲ ಹೊಳೆಯಿಂದ ಪೈಪಲೈನ್ ಎಳೆದು ಕಬ್ಬಿಗೆ ಬಿದ್ದೆವು. ಕೆರೆ ಯಾರಿಗೂ ಬೇಡವಾಯಿತು. ಹೂಳು ತುಂಬಿತು, ಬಳ್ಳಾರಿ ಜಾಲಿ ಬೆಳೆಯಿತು. ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಒಬ್ಬರೇ ಬೆನ್ನು ಹತ್ತಿದರು: ಹಕ್ಕಿ, ಮೀನು, ಕಪ್ಪೆಗಳಿಗಾಗಿ ಅದನ್ನು ಮತ್ತೆ ಕೆರೆ ಮಾಡಬೇಕು ಎಂದು. ಕಮಿಟಿ ಆಯಿತು. ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಹೂಳಿನ ವಿಷಯದಲ್ಲಿ ನಮ್ಮಲ್ಲಿ ಹಳೆಯ ಪದ್ಧತಿಯೊಂದಿದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಯಾರು ಬೇಕಾದರೂ ಹೂಳು ತುಂಬಿಕೊಂಡು ಹೊಲಕ್ಕೆ ಒಯ್ಯಬಹುದು. ಹಿಂದೆ ಬಂಡಿಯಲ್ಲಿ ಒಯ್ಯುತ್ತಿದ್ದೆವು, ಈಗ ಟ್ರ್ಯಾಕ್ಟರಿನಲ್ಲಿ.

ಮೊದಲ ಸಭೆಗೆ ಕುರಿ ಕಾಯುವ ಹಿರಿಯರೊಬ್ಬರು ಕರೆಯದೆಯೇ ಬಂದಿದ್ದರು. ಪ್ರತಿ ವರ್ಷ ಅವರ ಹಿಂಡು ನಮ್ಮ ಹೊಲದಲ್ಲಿ ತಂಗುತ್ತಿತ್ತು. ನನಗಿಂತ ಹತ್ತು ವರ್ಷ ದೊಡ್ಡವರು; ನಾನು ಕಾಕಾ ಎನ್ನುತ್ತಿದ್ದೆ.

"ಪಡುವಲ ದಂಡಿಗೆ ಕೈ ಹಚ್ಚಬ್ಯಾಡ್ರಿ ಸಾವಕಾರ್ರ. ಬ್ಯಾಸಗ್ಯಾಗ ಅಲ್ಲಿ ಆಮಿ ಮಣ್ಣಾಗ ಹೊಕ್ಕು ಮಲಗಿರ್ತಾವ. ಮೊದಲ ಮಳಿ ಬಿದ್ದಿಂದ ಏಳ್ತಾವ."

"ಎಷ್ಟ ಅದಾವೋ ಮುತ್ಯಾ, ಎಣಿಸಿಯೇನು?" ಎಂದು ಯಾರೋ ನಕ್ಕರು.

"ನಿಮ್ಮ ಕಮಿಟಿಯವ್ರಕಿಂತ ಹೆಚ್ಚ ಅದಾವ. ಮಾತು ಮಾತ್ರ ಕಡಿಮಿ ಆಡ್ತಾವ."

ಮಾಸ್ತರರು ಮಾರನೆಯ ದಿನವೇ ಆಮೆಗಳು ಮಲಗುವ ಆ ಪಡುವಣ ದಂಡೆಯ ಸುತ್ತ ಸುಣ್ಣದ ಗೆರೆ ಹಾಕಿದರು. ಅದರಾಚೆ ಯಂತ್ರ ಹೋಗಬಾರದೆಂದು ಎಲ್ಲರೂ ಒಪ್ಪಿದೆವು. ನಾನೇ ಜೋರಾಗಿ ಒಪ್ಪಿದೆ.

ಕೆಲಸದ ಕೊನೆಯ ದಿನ ಮಧ್ಯಾಹ್ನ ಮಾಸ್ತರರು ಜಮಖಂಡಿಗೆ ಹೋಗಿದ್ದರು. ಕಾಕಾ ಕುರಿಗಳೊಡನೆ ಬೇರೆ ಊರಿನ ಹೊಲದಲ್ಲಿದ್ದರು. ನನ್ನ ಟ್ರ್ಯಾಕ್ಟರ್ ಖಾಲಿ ನಿಂತಿತ್ತು. ನನ್ನ ತಗ್ಗಿನ ಹೊಲ ಸವಳು ಹಿಡಿದು ಉಪ್ಪುಗಟ್ಟಿತ್ತು, ಅದಕ್ಕೆ ಒಳ್ಳೆಯ ಮಣ್ಣು ಬೇಕಾಗಿತ್ತು. ಇಡೀ ಕೆರೆಯಲ್ಲಿ ಪಡುವಣ ದಂಡೆಯಷ್ಟು ಕಪ್ಪಾದ, ಬೆಣ್ಣೆಯಂಥ ಮಣ್ಣು ಬೇರೆಲ್ಲೂ ಇರಲಿಲ್ಲ. ನಾನು ಜೆಸಿಬಿ ಚಾಲಕನಿಗೆ ಸುಣ್ಣದ ಗೆರೆಯಾಚೆ ಕೈ ತೋರಿಸಿದೆ.

ಸ್ವಲ್ಪ ಹೊತ್ತಿಗೆ ಅವನು ಯಂತ್ರ ನಿಲ್ಲಿಸಿದ. "ಕಲ್ಲು ಬರಾಕತ್ತಾವ್ರಿ ಅಪ್ಪಾರ. ಗುಂಡನ್ನ ಕಲ್ಲು."

ನಾನು ಟ್ರೇಲರಿನ ಮೇಲೆ ಬಗ್ಗಿ ನೋಡಿದೆ. ಊಟದ ತಾಟಿನಷ್ಟಿದ್ದ ಒಂದು ಕಲ್ಲಿಗೆ ಕಾಲಿತ್ತು. ಆ ಕಾಲು ನಿಧಾನವಾಗಿ ಚಾಚಿ, ಮತ್ತೆ ಒಳಗೆ ಹೋಯಿತು.

"ಕಲ್ಲ ಅದಾವ. ನಡಿ, ಹೊತ್ತಾತು," ಎಂದೆ.

ನಾವು ಜೈನರು. ಹೊತ್ತು ಮುಳುಗುವ ಮೊದಲೇ ಉಣ್ಣುವವರು. ನನ್ನ ಹೆಂಡತಿ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಮತ್ತೆ ಅದೇ ಬಾವಿಯ ನೀರಿಗೆ ಜಾಲಿಸುತ್ತಿದ್ದಳು. ಕಣ್ಣಿಗೆ ಕಾಣದ ಜೀವವೂ ತನ್ನ ನೀರಿಗೇ ಮರಳಬೇಕು ಎಂದು. ಅಂಥ ಮನೆಯವನು ನಾನು.

ಆ ವರ್ಷ ಮಳೆ ಚೆನ್ನಾಗಿ ಬಂತು. ಕೆರೆ ತುಂಬಿತು. ಕೊಕ್ಕರೆ, ನೀರುಕೋಳಿ, ಚಳಿಗಾಲಕ್ಕೆ ಬಾತುಗಳು ಬಂದವು. ನನಗೆ ಶಾಲು ಹೊದಿಸಿದರು. ಗೆರೆ ದಾಟಿದ್ದನ್ನು ಕಂಡ ಮಾಸ್ತರರಿಗೂ ಕಾಕಾನಿಗೂ, ಚಾಲಕ ತಿಳಿಯದೆ ತುಸು ಕೆರೆದ, ಆಮೆಗಳಿಗೇನೂ ಆಗಿಲ್ಲ ಎಂದು ಹೇಳಿದ್ದೆ. ಕಬ್ಬಿನ ಸಾಲು ಬಿಡುವಾಗ ನನ್ನ ತಗ್ಗಿನ ಹೊಲದಲ್ಲಿ ಚಿಪ್ಪುಗಳು ಮೇಲೆದ್ದವು. ಆಳುಗಳಿಗಿಂತ ಮೊದಲು ಹೋಗಿ ಆರಿಸಿ ಹಳ್ಳಕ್ಕೆ ಎಸೆದೆ. ಒಂದು ನನ್ನ ಕಣ್ಣು ತಪ್ಪಿತು. ಹೆಂಡತಿ ಅದನ್ನು ಬುಟ್ಟಿಯಲ್ಲಿಟ್ಟು ಮನೆಗೆ ತಂದಳು.

"ಇದು ನಮ್ಮ ಹೊಲದಾಗ ಹೆಂಗ ಬಂತ್ರಿ?"

"ನಾಯಿ ತಂದಿರಬೇಕು."

ಅವಳು ನನ್ನ ಮುಖ ನೋಡಿದಳು. ಚಿಪ್ಪನ್ನು ತೊಳೆದು ನೀರಿನ ಕೊಡಗಳ ಪಕ್ಕದ ಗೂಡಿನಲ್ಲಿಟ್ಟಳು. ಮುಂದೆ ಆ ಮಾತು ತೆಗೆಯಲಿಲ್ಲ, ಚಿಪ್ಪನ್ನೂ ತೆಗೆಯಲಿಲ್ಲ.

ಭಾದ್ರಪದದಲ್ಲಿ ನಮ್ಮ ಹತ್ತು ದಿನಗಳ ವ್ರತ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ಅಂದು ಕಂಡವರಿಗೆಲ್ಲ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತೇವೆ. ಯಾವ ತಪ್ಪು ಎಂದು ಹೇಳಬೇಕಾಗಿಲ್ಲ. ಆ ಅನುಕೂಲದ ಮರೆಯಲ್ಲಿ ನಾನು ವರ್ಷಗಟ್ಟಲೆ ಇದ್ದೆ. ಪ್ರತಿ ವರ್ಷ ಕಾಕಾನ ಗುಡಿಸಲಿಗೂ ಹೋಗಿ ಕೈಮುಗಿಯುತ್ತಿದ್ದೆ.

"ನೀವೇನ ತಪ್ಪ ಮಾಡೀರಿ ಸಾವಕಾರ್ರ? ನನ್ನ ಕುರಿ ನಿಮ್ಮ ಜ್ವಾಳ ಮೇದಾವ, ನಾ ಕೇಳಬೇಕು," ಎಂದು ನಗುತ್ತಿದ್ದರು. ಆಮೇಲೆ ತಪ್ಪದೆ ಕೇಳುತ್ತಿದ್ದರು: "ಆಮಿ ಎಲ್ಲೆರ ಕಂಡ್ವೇನು?"

ಐದನೆಯ ವರ್ಷ ಅವರ ಕಣ್ಣು ಮಂಜಾಗಿತ್ತು. ನನ್ನನ್ನು ದನಿಯಿಂದಲೇ ಗುರುತಿಸಿದರು. ಅವರ ಮಗ ಕುರಿಗಳನ್ನು ಹೊಳೆಯ ದಾರಿಗೆ ಹೊಡೆಯುತ್ತಿದ್ದ.

"ಕೆರಿ ತುಂಬೇತಿ, ಕುರಿ ತೊಳಿಯಾಕ ಅಷ್ಟ ದೂರ ಯಾಕ ಕಾಕಾ?" ಎಂದೆ.

"ಕೆರ್‍ಯಾಗ ಇಳಿಸೂದು ಬಿಟ್ಟ ಐದ ವರ್ಷ ಆತ್ರಿ. ಕುರಿ ಉಣ್ಣೆ ಕತ್ತರಸೂ ಮುಂದ ಅಲ್ಲೇ ತೊಳಿತಿದ್ದೆ. ಆ ಹೊಲಸಿಗೇ ಆಮಿ ಎದ್ದ ಹೋದ್ವು. ನನ್ನ ಕೈಲೆ ಆದ ಪಾಪ ಅದು."

ಮುಗಿದ ನನ್ನ ಕೈ ಹಾಗೇ ಇತ್ತು. ಐದು ವರ್ಷ, ಎಷ್ಟೋ ಹರಿದಾರಿ, ಈ ಮನುಷ್ಯ ನನ್ನ ಪಾಪ ಹೊತ್ತು ಕುರಿ ಹೊಡೆದಿದ್ದರು. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ: ಸುಣ್ಣದ ಗೆರೆ, ಟ್ರ್ಯಾಕ್ಟರ್, ಚಿಪ್ಪುಗಳು.

ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಕೇಳಿದರು.

"ಜೀವ ಇತ್ತ ಅನ್ನೂದು ಗೊತ್ತಿತ್ತೇನ?"

"ಒಂದರ ಕಾಲು ಅಲ್ಲಾಡಿದ್ದು ನೋಡೀನಿ."

"ನನಗ ಕ್ಷಮಾ ಕೇಳಬ್ಯಾಡ. ಆ ಮಣ್ಣ ಎಲ್ಲೈತಿ?"

"ಹೊಲದಾಗ."

"ಹಂಗಾರ ಇಲ್ಲಿ ಯಾಕ ಕುಂತಿ?"

ಅಲ್ಲಿಯವರೆಗೆ ಅವರು ಎಂದೂ ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಗೂಡಿನ ಕಡೆ ನೋಡಿ, "ಗೊತ್ತಿತ್ತು. ನೀವ ಹೇಳ್ಲಿ ಅಂತ ಇದ್ದೆ," ಎಂದಳಷ್ಟೆ.

ಕಬ್ಬು ಕಡಿದು, ಕೆರೆಯ ನೀರು ಇಳಿದ ಮೇಲೆ, ತಗ್ಗಿನ ಹೊಲದ ಮೇಲ್ಪದರ ಕೆರೆದು ಟ್ರ್ಯಾಕ್ಟರಿಗೆ ತುಂಬಿಸಿದೆ. ಯಂತ್ರ ಕಡಿದಲ್ಲಿ ದಂಡೆ ಗೋಡೆಯಂತೆ ನಿಂತಿತ್ತು, ಆಮೆ ಬಂದರೂ ಹತ್ತಲಾರದು. ಮಾಸ್ತರರಿಗೂ ನಿಜ ಹೇಳಿದ್ದೆ. ಅವರು ನನ್ನ ಮುಖ ನೋಡದೆ ಇಳಿಜಾರಿನ ಗೆರೆ ಹಾಕಿಕೊಟ್ಟರು. ಅಲ್ಲಿಗೆ ಮಣ್ಣು ಸುರಿದು ಸಲಿಕೆಯಿಂದ ಹರವಿದೆ. ಬಸ್ಸಿಗೆ ನಿಂತವರು ನಕ್ಕರು.

"ಏನ್ರಿ ಅಧ್ಯಕ್ಷರ, ಕೆರಿ ಮಣ್ಣ ಹೊಲಕ್ಕ ಒಯ್ಯೂದ ನೋಡಿದ್ವಿ. ಹೊಲದ ಮಣ್ಣ ಕೆರಿಗೆ? ತಲಿ ಗಿಲಿ ಕೆಟ್ಟೇತೇನು?"

ಏನಾದರೂ ನೆವ ಹೇಳಿ ಮುಗಿಸಬಹುದಿತ್ತು. ಸಲಿಕೆ ನಿಲ್ಲಿಸಿ ಇದ್ದದ್ದನ್ನು ಹೇಳಿದೆ. ನಗುತ್ತಿದ್ದವರು ಬಸ್ಸು ಬರುವ ದಾರಿಯ ಕಡೆ ತಿರುಗಿದರು. ಮರುದಿನ ಬೇರೆಯವರು ಕೇಳಿದರು, ಅವರಿಗೂ ಹೇಳಿದೆ. ಮಣ್ಣು ಮುಗಿಯುವವರೆಗೆ ದಿನವೂ ಯಾರಾದರೂ ಕೇಳುತ್ತಲೇ ಇದ್ದರು.

ಆಮೆಗಳು ಇನ್ನೂ ಬಂದಿಲ್ಲ. ಪ್ರತಿ ವರ್ಷ ಮೊದಲ ಮಳೆಯ ಮರುದಿನ ಬೆಳಿಗ್ಗೆ ಹೋಗಿ ನಿಲ್ಲುತ್ತೇನೆ. ಕಾಕಾ ತೀರಿಕೊಳ್ಳುವ ಹಿಂದಿನ ವರ್ಷ, ಉಣ್ಣೆ ಕತ್ತರಿಸುವ ಮುಂಚೆ, ಹೊಳೆಯ ದಾರಿ ಬಿಟ್ಟು, ಮಗನ ಕೈ ಹಿಡಿದು ಕುರಿಗಳೊಡನೆ ಮತ್ತೆ ನಮ್ಮ ಕೆರೆಗೆ ಇಳಿದರು. ನಾನು ದಂಡೆಯ ಮೇಲಿದ್ದೆ. ಮೊಳಕಾಲು ನೀರಿನಲ್ಲಿ ನಿಂತು ಕುರಿ ಉಜ್ಜಿದರು. ನಾನು ಅಲ್ಲಿರುವುದನ್ನು ಮಗ ಅವರಿಗೆ ಹೇಳಿದ್ದ. ನಾನು ಕೆಮ್ಮಿದಾಗ ಅವರ ಕೈ ಒಂದು ಗಳಿಗೆ ನಿಂತಿತು. ಮತ್ತೆ ಉಜ್ಜತೊಡಗಿದರು.