ಹೊಸ್ತಿಲ ಹೊರಗೆ ಉಳಿದ ಜೋಡು

ಇಂಥ ಕತೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಎದ್ದು ಹೋಗುವವನು ನಾನು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು, ಪರೀಕ್ಷೆಯ ಕೋಣೆಯಲ್ಲಿ ನಕಲು ಹಿಡಿಯುವುದರಲ್ಲಿ ನನ್ನಷ್ಟು ಹೆಸರು ಕೆಡಿಸಿಕೊಂಡವರು ಅಥಣಿ ತಾಲೂಕಿನಲ್ಲಿ ಇರಲಿಕ್ಕಿಲ್ಲ. ದೆವ್ವಕ್ಕಿಂತ ಕಳ್ಳನ ಮೇಲೆ ನನಗೆ ಹೆಚ್ಚು ನಂಬಿಕೆ. ಸಂಶಯದ ರೋಗಕ್ಕೆ ಔಷಧವಿಲ್ಲ ಎಂದು ನನ್ನ ಹೆಂಡತಿ ಮದುವೆಯಾದ ವರ್ಷದಿಂದಲೂ ಹೇಳುತ್ತ ಬಂದಿದ್ದಾಳೆ. ಅಂಥವನು ಈಗ ಇದನ್ನು ಬರೆಯುತ್ತಿದ್ದೇನೆ ಎಂದರೆ ನೀವು ನಗಬಹುದು. ನಗಿರಿ, ಆದರೆ ಪೂರ್ತಿ ಓದಿ ನಗಿರಿ.

ನಿವೃತ್ತಿಯಾದ ಮೇಲೆ ಊರಿನ ಕೆಲವರು ಸೇರಿ ಒಂದು ಕೆಲಸ ಎತ್ತಿಕೊಂಡೆವು. ಹಳೆ ಪೇಟೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮೂರು ಕಟ್ಟಡಗಳು ಬೀಗ ಹಾಕಿ ಬಿದ್ದಿದ್ದವು. ನಡುವಿನದು ಒಂದು ಜೈನ ಮನೆತನದ ದೊಡ್ಡ ವಾಡೆಮನೆ, ಎಡಬಲಕ್ಕೆ ಅವರದೇ ಎರಡು ಅಂಗಡಿ. ಒಂದು ಕಾಲಕ್ಕೆ ಸುತ್ತಲಿನ ಕುರುಬರು ಉಣ್ಣೆ, ಕಂಬಳಿ ಹೊತ್ತು ತಂದು ಮಾರುತ್ತಿದ್ದದ್ದು ಅಲ್ಲೇ. ಹೊತ್ತಾದರೆ ಆ ಪಡಸಾಲೆಯಲ್ಲೇ ಮಲಗುತ್ತಿದ್ದರಂತೆ. ಅದನ್ನೆಲ್ಲ ಕೆಡವಿ ವ್ಯಾಪಾರಿ ಮಳಿಗೆ ಕಟ್ಟುವ ಮಾತು ನಡೆದಿತ್ತು. ಮನೆತನದ ಹಿರಿಯ ಪದ್ಮಣ್ಣ ನಮ್ಮ ಮಾತಿಗೆ ಒಪ್ಪಿ, ಈ ನೆಲದ ಕುರಿಗಾರರ ಬದುಕಿನ ವಸ್ತುಸಂಗ್ರಹಾಲಯ ಮಾಡಲು ಮೂರನ್ನೂ ಬಿಟ್ಟುಕೊಟ್ಟರು. ಒಂದು ಅಂಗಡಿ ಪ್ರವಾಸಿಗರ ಮಾಹಿತಿ ಕೇಂದ್ರವಾಯಿತು. ಒಳಗೋಡೆಗಳಲ್ಲಿ ದಾರಿ ಬಿಡಿಸಿ, ಹಿತ್ತಲ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ, ಬೀದಿಗೆ ಒಂದೇ ಬಾಗಿಲು ಉಳಿಸಿದೆವು. ಬೀದಿ ಬಾಗಿಲು ದಾಟಿದರೆ ಸಣ್ಣ ಅಂಗಳ, ಅದರ ಆಚೆ ಪಡಸಾಲೆ. ಮಂಗಗಳ ಕಾಟಕ್ಕೆ ಅಂಗಳದ ಮೇಲೆ ಕಬ್ಬಿಣದ ಜಾಲರಿ ಹಾಕಿಸಿದ್ದೆವು. ಉಸ್ತುವಾರಿ ನನ್ನದು.

ಕಾವಲಿಗೆ ಮಾಳಪ್ಪನನ್ನು ಇಟ್ಟುಕೊಂಡೆವು. ತೆಲಸಂಗದ ಕಡೆಯವನು, ಐವತ್ತು ದಾಟಿದವನು. ಮೊಣಕಾಲು ಕೈಕೊಟ್ಟ ಮೇಲೆ ಕುರಿ ಮಾರಿ ಅಥಣಿಯ ಅಂಚಿನಲ್ಲಿ ಬಂದು ಉಳಿದಿದ್ದ. ಮಾತು ಕಡಿಮೆ. ಪಡಸಾಲೆಯಲ್ಲಿ ಹಾಸಿದ ಕಂಬಳಿ, ಡೊಳ್ಳು, ಬೆಳ್ಳಿಯ ಕಡಗ ಎಲ್ಲ ಅವನ ಬಳಗದವರು ಕೊಟ್ಟದ್ದು. ಕೊಡುವ ದಿನ ಅವರು ಕಂಬಳಿಯ ಮೇಲೆ ಭಂಡಾರ, ಅಂದರೆ ಅವರ ದೇವರ ಅರಿಸಿನ, ಚೆಲ್ಲಿ ಕೈಮುಗಿದರು. ಅಂದಿನಿಂದ ಬಂದ ಬಂದವರೆಲ್ಲ ಅಂಗಳದಲ್ಲಿ ಚಪ್ಪಲಿ ಬಿಟ್ಟೇ ಪಡಸಾಲೆ ಏರತೊಡಗಿದರು. ಇದು ಗುಡಿಯಲ್ಲ, ಮ್ಯೂಸಿಯಂ ಎಂದು ನಾನು ಬೋರ್ಡು ಬರೆಸಿದೆ. ಜನ ಚಪ್ಪಲಿ ಬಿಟ್ಟು ನಿಂತು ಆ ಬೋರ್ಡು ಓದಿದರು. ಕೊನೆಗೆ ನಾನೇ ಸುಮ್ಮನಾದೆ.

ಶುರುವಾಗಿ ಎರಡು ತಿಂಗಳಾಗಿರಬೇಕು. ಒಂದು ಸಂಜೆ ಐದೂವರೆಗೆ ಮುಚ್ಚುವ ಹೊತ್ತಿನಲ್ಲಿ ಅಂಗಳದಲ್ಲಿ ಒಂದು ಜೋಡು ಉಳಿದಿತ್ತು. ಕುರಿಗಾರರು ಮೆಟ್ಟುವ ದಪ್ಪ ಅಟ್ಟೆಯ ತೊಗಲಿನ ಚಪ್ಪಲಿ, ಮೈತುಂಬ ಕೆಂಧೂಳು. ಮಾಳಪ್ಪ ಹಾಕುವುದು ನೀಲಿ ರಬ್ಬರಿನವು. ಒಳಗೆ ಯಾರೋ ಉಳಿದಿದ್ದಾರೆಂದು ಇಬ್ಬರೂ ಮೂರು ಕಟ್ಟಡ ಸುತ್ತಿದೆವು, ಅಟ್ಟ ಹತ್ತಿ ನೋಡಿದೆವು. ಯಾರೂ ಇರಲಿಲ್ಲ.

“ಯಾರೋ ಮರತ ಹೋಗ್ಯಾರ್ರಿ ಮಾಸ್ತರ್ರ” ಎಂದ ಮಾಳಪ್ಪ.

“ಛತ್ರಿ ಮರೀತಾರ, ಚೀಲ ಮರೀತಾರ. ಮೆಟ್ಟಿದ ಚಪ್ಪಲಿ ಮರತು ಬರಿಗಾಲಿಲೆ ಮನೀಗೆ ಹೋಗವರನ್ನ ನಾ ಎಲ್ಲೂ ಕಂಡಿಲ್ಲ” ಎಂದೆ ನಾನು.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅದು ಇರಲಿಲ್ಲ. ಕೀಲಿ ಮಾಳಪ್ಪನ ಕಡೆಯೇ ಇರುತ್ತಿತ್ತು, ಬಾಗಿಲು ತೆರೆಯುವವನೂ ಅವನೇ. ಯಾರು ಒಯ್ದರು ಎಂದರೆ, ತಾನು ಬಂದಾಗಲೇ ಇರಲಿಲ್ಲ ಎಂದ. ನಾಲ್ಕೈದು ದಿನ ಬಿಟ್ಟು ಅದೇ ಜೋಡು ಮತ್ತೆ ಸಂಜೆಗೆ ಉಳಿಯಿತು, ಬೆಳಿಗ್ಗೆಗೆ ಮಾಯ. ಆಮೇಲೆ ಇನ್ನೊಂದು ಸಲ.

ನನ್ನ ಬುದ್ಧಿ ನಿಮಗೆ ಹೇಳಿದ್ದೇನಲ್ಲ. ಒಳಬಂದವರನ್ನೂ ಹೊರಹೋದವರನ್ನೂ ಪರೀಕ್ಷೆಯ ಹಾಜರಿಯಂತೆ ಬರೆದಿಡತೊಡಗಿದೆ. ಲೆಕ್ಕ ತಪ್ಪಲಿಲ್ಲ, ಆದರೂ ಜೋಡು ಉಳಿಯಿತು. ಆಗ ನನ್ನ ಕಣ್ಣು ಮಾಳಪ್ಪನ ಮೇಲೆ ನಿಂತಿತು. ಅವನು ಆ ಚಪ್ಪಲಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಕಸ ಗುಡಿಸುವಾಗ ಅದರ ಸುತ್ತ ಗುಡಿಸಿ ಮುಂದೆ ಹೋಗುತ್ತಿದ್ದ. ಕೇಳಿದರೆ “ಮಂದೀದು, ನಮಗ್ಯಾಕ್ರಿ” ಎನ್ನುತ್ತಿದ್ದ. ಬಳಗದ ಯಾರನ್ನೋ ರಾತ್ರಿ ಒಳಗೆ ಇಟ್ಟುಕೊಳ್ಳುತ್ತಿದ್ದಾನೆ, ಕಡಗದ ಮೇಲೆ ಕಣ್ಣಿದೆ ಎಂದು ನಾನು ತೀರ್ಮಾನಿಸಿದೆ. ಪದ್ಮಣ್ಣನ ಕಿವಿಗೂ ಹಾಕಿದೆ.

“ಕೀಲಿ ಅವನ ಕೈಯಾಗ ಐತಲ್ರೀ ಸರ” ಎಂದರು ಅವರು. ನನಗೆ ಅಷ್ಟೇ ಸಾಕಾಗಿತ್ತು.

ಮೊಬೈಲಿನಲ್ಲಿ ಆ ಜೋಡಿನ ಫೋಟೊ ತೆಗೆದು ಚಪ್ಪಲಿ ಹೊಲಿಯುವ ಒಬ್ಬ ಹಿರಿಯನಿಗೆ ತೋರಿಸಿದೆ. ಹಳೇ ಕಾಲದ್ದು, ಈಗ ಯಾರೂ ಮಾಡುವುದಿಲ್ಲ ಎನ್ನುತ್ತಾನೇನೋ ಎಂದು ಎದೆ ಸ್ವಲ್ಪ ಹೊಡೆದುಕೊಂಡಿತು, ಸುಳ್ಳೇಕೆ ಹೇಳಲಿ. ಅವನು ನೋಡಿ, “ಹೋದ ವರ್ಷದ್ದ ಇರಬೇಕ್ರಿ. ಎಡಗಾಲಿನ ಅಟ್ಟೆ ಜಾಸ್ತಿ ಸವದೈತಿ, ಮನಷ್ಯಾ ಆ ಕಡೆ ಭಾರ ಹಾಕಿ ನಡೀತಾನ. ಬಾಳ ತಿರಗ್ಯಾಡತಾನ” ಎಂದ. ಬದುಕಿರುವ ಮನುಷ್ಯನದೇ ಎಂದು ನನಗೆ ಖುಷಿಯಾಯಿತು. ಕಳ್ಳ ಸಿಕ್ಕಂತೆಯೇ ಎಂದುಕೊಂಡೆ.

ಮರುದಿನ ಪಡಸಾಲೆಯಲ್ಲಿ, ಪದ್ಮಣ್ಣನೂ ಸಮಿತಿಯ ಇನ್ನಿಬ್ಬರೂ ಕೂತಿದ್ದಾಗ, ಮಾಳಪ್ಪನನ್ನು ಕರೆದೆ.

“ಮಾಳಪ್ಪಾ, ಖರೇ ಹೇಳು. ಒಳಗ ಯಾರನ್ನ ಇಟ್ಟಕೊಂಡೀ?”

“ಯಾರನ್ನೂ ಇಲ್ರಿ.”

“ಹಂಗಾರ ಭಂಡಾರ ಮುಟ್ಟಿ ಆಣಿ ಮಾಡು.”

ಅವನು ನನ್ನನ್ನೇ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಎಷ್ಟೋ ಮಂದಿಯನ್ನು ಕಂಡವನು ನಾನು. ಈ ಮನುಷ್ಯ ಕೈ ಕೂಡ ಅಲ್ಲಾಡಿಸಲಿಲ್ಲ.

“ನಾ ಇಲ್ಲ ಅಂತ ಹೇಳಿದ ಮ್ಯಾಗ ಭಂಡಾರ ಯಾಕ್ ಬೇಕ್ರಿ? ನಮ್ಮ ಮಂದ್ಯಾಗ ಹುಸಿ ಮಾತಿನವಂಗ ಅಷ್ಟ ಆಣಿ ಹಾಕಸ್ತಾರ” ಎಂದ.

ಆಣೆಗೆ ಹೆದರಿದ ಎಂದೇ ನಾನು ತಿಳಿದೆ. ಎಲ್ಲರೂ ಹಾಗೆಯೇ ತಿಳಿದರು. ಮಾಳಪ್ಪ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ನನ್ನ ಮೇಜಿನ ಮೇಲೆ ಇಟ್ಟು, ರಬ್ಬರ್ ಚಪ್ಪಲಿ ಮೆಟ್ಟಿ ಹೋದ. ಮೊಣಕಾಲು ನೋವಿನಿಂದ ಮೆಟ್ಟಿಲು ಇಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೊಸ ಕಾವಲುಗಾರ ಸಿಗುವವರೆಗೆ ಕೀಲಿ ನನ್ನ ಕಡೆ ಉಳಿಯಿತು. ನಾಲ್ಕು ದಿನ ಸಂಜೆ ಅಂಗಳ ಬರಿದಾಗಿತ್ತು. ಹೇಗೆ ಹಿಡಿದೆ ನೋಡಿ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಐದನೆಯ ದಿನ ಸೋಮವಾರ, ನಮಗೆ ರಜೆ. ವಸ್ತುಗಳ ಹೆಸರಿನ ಚೀಟಿ ಬರೆದು ಅಂಟಿಸುವ ಕೆಲಸ ಉಳಿದಿತ್ತೆಂದು ಮಧ್ಯಾಹ್ನ ಊಟ ಮಾಡಿ ಒಬ್ಬನೇ ಹೋದೆ. ಬೀದಿ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದೆ. ಹಾಕಿದ ಮೇಲೆ ಒಮ್ಮೆ ಎಳೆದು ನೋಡುವುದು ನನ್ನ ಹಳೆಯ ಚಟ. ಅಂದೂ ಎಳೆದು ನೋಡಿದೆ. ಅಂಗಳದಲ್ಲಿ ನನ್ನ ಕಪ್ಪು ಚಪ್ಪಲಿ ಬಿಟ್ಟೆ. ಜನರನ್ನು ಬೈದು ಬೈದು ನನಗೂ ಅದೇ ರೂಢಿಯಾಗಿತ್ತು. ಒಳಗೆ ಒಂದು ತಾಸು ಕೂತೆನೇನೋ. ನಿದ್ದೆ ಮಾಡಿರಲಿಲ್ಲ, ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬರೆದ ಚೀಟಿಗಳು ಸಾಲಾಗಿ ಮೇಜಿನ ಮೇಲಿದ್ದವು. ನೀರು ಕುಡಿಯಲು ಎದ್ದು ಹೊರಬಂದಾಗ ನನ್ನ ಚಪ್ಪಲಿಯ ಪಕ್ಕದಲ್ಲಿ ಅದು ಇತ್ತು.

ಮೊದಲು ನೋಡಿದ್ದು ಬಾಗಿಲನ್ನು. ಅಗುಳಿ ಹಾಕಿದ ಹಾಗೆಯೇ ಇತ್ತು. ಮೇಲೆ ಜಾಲರಿ, ಬೆಕ್ಕು ಕೂಡ ಇಳಿಯಲಾರದು. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಚಪ್ಪಲಿಯ ಒಳಗೆ ಕೈಯಿಟ್ಟೆ. ಅಂಗಳದಲ್ಲಿ ಆ ಹೊತ್ತಿಗೆ ಬಿಸಿಲಿರಲಿಲ್ಲ, ನೆಲ ತಣ್ಣಗಿತ್ತು. ಆದರೆ ಚಪ್ಪಲಿ ಬೆಚ್ಚಗಿತ್ತು. ಬೆರಳಿಗೆ ಬೆವರಿನ ಪಸೆ ಹತ್ತಿತು. ಈಗಷ್ಟೇ ಯಾರೋ ದೂರದಿಂದ ನಡೆದು ಬಂದು ಬಿಟ್ಟು ಒಳಗೆ ಹೋಗಿದ್ದಾರೆ. ಆ ಒಳಗಿನಿಂದಲೇ ನಾನು ಎದ್ದು ಬಂದಿದ್ದೆ.

ಇಷ್ಟು ದಿನ ಅಟ್ಟ ಹತ್ತಿ ಹುಡುಕಿದವನಿಗೆ ಅಂದು ಪಡಸಾಲೆಯ ಕಡೆ ತಿರುಗಿ ನೋಡುವ ಧೈರ್ಯ ಆಗಲಿಲ್ಲ. ಯಾರಾದರೂ ಸಿಕ್ಕಾರು ಎಂಬ ಭಯವಲ್ಲ. ಯಾರೂ ಸಿಗಲಿಕ್ಕಿಲ್ಲ ಎಂದು ಹೆದರಿದೆ. ಅಗುಳಿ ತೆಗೆದು ಬರಿಗಾಲಲ್ಲೇ ಬೀದಿಗೆ ಬಂದು ಬೀಗ ಹಾಕಿದೆ. ಮರುದಿನ ಪದ್ಮಣ್ಣನನ್ನು ಕರೆದುಕೊಂಡು ಬಂದು ತೆರೆದರೆ ಅಂಗಳದಲ್ಲಿ ನನ್ನ ಚಪ್ಪಲಿ ಮಾತ್ರ ಇದ್ದವು. ಒಂದು ವಸ್ತುವೂ ಜಾಗ ಬಿಟ್ಟು ಅಲ್ಲಾಡಿರಲಿಲ್ಲ, ಕಡಗ ಇದ್ದಲ್ಲೇ ಇತ್ತು. ಆಮೇಲೆ ಇವತ್ತಿನವರೆಗೆ ಆ ಜೋಡು ಬಂದಿಲ್ಲ.

ಅಂದೇ ಮಾಳಪ್ಪನ ಮನೆಗೆ ಹೋದೆ. ಹೊರಗೆ ಹಾಸಿ ಕೂಡಿಸಿ ಚಹಾ ಕೊಟ್ಟ. ನಡೆದದ್ದನ್ನೆಲ್ಲ ಹೇಳಿದೆ. ಅವನ ಮುಖದಲ್ಲಿ ಆಶ್ಚರ್ಯವೂ ಕಾಣಲಿಲ್ಲ, ಗೆದ್ದ ಸಂತೋಷವೂ ಕಾಣಲಿಲ್ಲ.

“ನಿನಗ ಗೊತ್ತಿತ್ತೇನು ಅದು ಯಾರದಂತ?” ಎಂದು ಕೇಳಿದೆ.

“ಇಲ್ರಿ. ಒಳಗ ಯಾರೂ ಇಲ್ಲ ಅಂತ ಅವತ್ತ ಹೇಳಿದ್ನಲ್ರಿ” ಎಂದ.

ತಪ್ಪಾಯಿತು, ಕೆಲಸಕ್ಕೆ ಬಾ ಎಂದೆ. ಅವನು ಚಹಾದ ಕಪ್ಪುಬಸಿ ಎತ್ತಿ ಪಕ್ಕಕ್ಕೆ ಇಟ್ಟ.

“ಬರ್ತೀನ್ರಿ. ಕಂಬಳಿ ನಮ್ಮ ಹಿರ್ಯಾರವು, ಬಿಸಲಿಗೆ ಹಾಕದಿದ್ರ ಹುಳ ಹತ್ತತಾವ. ಆದ್ರ ಕೀಲಿ ಮಾತ್ರ ಮುಟ್ಟಂಗಿಲ್ಲ. ಅದು ನಿಮ್ಮ ಕಡೇನ ಇರ್ಲಿ” ಎಂದ.

ಬಂದ. ಎರಡು ವರ್ಷವಾಯಿತು. ನಾನು ತಡವಾದರೆ ಬೀದಿಯಲ್ಲಿ ನಿಂತಿರುತ್ತಾನೆ. ಸಂಜೆ ನಾನು ಬೀಗ ಹಾಕುವವರೆಗೆ ಕೈ ಹಿಂದೆ ಕಟ್ಟಿಕೊಂಡು ನಿಂತು, ಬರ್ತೀನ್ರಿ ಮಾಸ್ತರ್ರ ಎಂದು ಹೇಳಿ ಹೋಗುತ್ತಾನೆ. ಒಂದೆರಡು ಸಲ ಗೊಂಚಲು ಅವನ ಮುಂದೆ ಹಿಡಿದು ನೋಡಿದ್ದೇನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಮಕ್ಕಳಿಗೆ ಎಷ್ಟೋ ವರ್ಷ ಅರ್ಥ ಹೇಳಿಕೊಟ್ಟವನು ನಾನು.

ಆ ಜೋಡು ಯಾರದು, ಹೇಗೆ ಬಂತು, ಎಲ್ಲಿ ಹೋಯಿತು, ನನಗೆ ಇನ್ನೂ ಗೊತ್ತಿಲ್ಲ. ಎಲ್ಲ ದಾರಿಯಲ್ಲೂ ಯೋಚಿಸಿ ಸೋತಿದ್ದೇನೆ. ಕೇಳಿದವರಿಗೆಲ್ಲ ಈ ವಿಚಿತ್ರವನ್ನು ಬಾಯಿ ತುಂಬ ಹೇಳುತ್ತೇನೆ.

ಹೋದ ವಾರ ನನಗೆ ಜ್ವರ ಬಂದಿತ್ತು. ಹೆಂಡತಿ ಕೀಲಿ ಕೊಟ್ಟುಬರಲು ಹೋದಳು. ಮಾಳಪ್ಪ ಕೈ ಚಾಚಲಿಲ್ಲವಂತೆ; ನೀವೇ ತೆಗೀರಿ ಅಕ್ಕಾರ ಎಂದು ಪಕ್ಕಕ್ಕೆ ಸರಿದು ನಿಂತನಂತೆ. ಬಿಗಿಯಾದ ಬೀಗದೊಡನೆ ಆಕೆ ಗುದ್ದಾಡಿ ತೆರೆದು ಮನೆಗೆ ಬಂದು, ನನ್ನ ಹಾಸಿಗೆಯ ಪಕ್ಕ ಕೂತು ಕೇಳಿದಳು: “ಅಂವಗ ನೀವು ಏನಂದಿದ್ರಿ?”

ಚಪ್ಪಲಿಯ ಕತೆಯನ್ನು ಆಕೆಗೆ ಹತ್ತು ಸಲ ಹೇಳಿದ್ದೇನೆ. ಭಂಡಾರ ಮುಟ್ಟಿ ಆಣಿ ಮಾಡು ಎಂದ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ.